ಹುಳ ಹಣ್ಣಾದ ಸೋಮವಾರ

ಸೋಮವಾರ ಬೆಳಿಗ್ಗೆ ಸ್ನಾನ, ವಿಭೂತಿ ಮುಗಿಸಿದ ಗುರುಪಾದಸ್ವಾಮಿ ಬೀದಿಗಿಳಿದು, ತಿರುಗಿ ನಿಂತು, ತಮ್ಮದೇ ಮನೆಯ ಬಾಗಿಲಿಗೆ ಮೂಗು ಚಾಚಿ ಉದ್ದಕ್ಕೆ ಉಸಿರೆಳೆದರು. ಎದುರು ಮನೆಯ ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದ ರಂಗಸ್ವಾಮಿ, ಗ್ಯಾಸ್ ಏನಾದರೂ ಲೀಕಾಗಿದೆಯೇ ಎಂದು ವಿಚಾರಿಸಿದರು. ಗುರುಪಾದಸ್ವಾಮಿ ಪತ್ತೆ ಮಾಡುತ್ತಿದ್ದುದು ಗ್ಯಾಸನ್ನಲ್ಲ, ರೇಷ್ಮೆಹುಳದ ವಾಸನೆಯನ್ನು.

ಹುಳ ಸಾಕುವ ಮನೆಗೆ ಒಂದು ವಾಸನೆ ಇರುತ್ತದೆ. ಹಸಿ ಸೊಪ್ಪು, ಸುಣ್ಣ, ಹುಳದ ಹಿಕ್ಕೆ ಎಲ್ಲ ಬೆರೆತು ಆದದ್ದು. ಆ ಮನೆಯವರಿಗೆ ಅದು ತಿಳಿಯುವುದಿಲ್ಲ, ತಮ್ಮ ಗೊರಕೆ ತಮಗೆ ಕೇಳಿಸದ ಹಾಗೆ. ಧನಗೆರೆಯ ಈ ಮನೆಯಲ್ಲಿ ಗುರುಪಾದಸ್ವಾಮಿಯವರ ತಾತನ ಕಾಲದಿಂದ ಹುಳ ಸಾಕುತ್ತ ಬಂದಿದ್ದಾರೆ. ತಾರಸಿ ಹಾಕಿಸಿದ್ದು ಹುಳ. ಮಗಳು ಶಿವರಂಜನಿಯನ್ನು ಕೊಳ್ಳೇಗಾಲದ ಕಾಲೇಜಿಗೆ ಕಳಿಸಿ ಓದಿಸಿದ್ದೂ ಹುಳ. ಗುರುಪಾದಸ್ವಾಮಿಯವರ ಮೀಸೆ ಇಷ್ಟು ಕಪ್ಪಗಿರುವುದಕ್ಕೂ ಹುಳವೇ ಕಾರಣ. ಬಣ್ಣ ಪುಕ್ಕಟೆ ಬರುವುದಿಲ್ಲ. ಆದರೂ ಈ ಒಂದು ದಿನದ ಮಟ್ಟಿಗೆ ಹುಳಕ್ಕೂ ತಮ್ಮ ವಂಶಕ್ಕೂ ಯಾವ ಸಂಬಂಧವೂ ಇಲ್ಲವೆಂದು ಅವರು ತೀರ್ಮಾನ ಮಾಡಿದ್ದರು.

ಅವತ್ತು ಶಿವರಂಜನಿಯನ್ನು ನೋಡಲು ಹನೂರಿನ ಕಡೆಯಿಂದ ಜನ ಬರುವವರಿದ್ದರು. ಹುಡುಗ ಮಾದೇಶನಿಗೆ ಯಳಂದೂರಿನ ಬ್ಯಾಂಕಿನಲ್ಲಿ ಕೆಲಸ. ಸಂಬಂಧ ತಂದವರು ಯಳಂದೂರಿನ ಕೆಂಪನಂಜಪ್ಪ. ಹುಡುಗನ ಕಡೆಯವರು ಹಿಂದೆ ಹುಳ ಸಾಕುತ್ತಿದ್ದರಂತೆ, ಈಗ ಬಿಟ್ಟುಬಿಟ್ಟಿದ್ದಾರಂತೆ, ಆ ವಾಸನೆಯೇ ಅವರಿಗೆ ಆಗುವುದಿಲ್ಲವಂತೆ ಎಂದು ಅವರು ಹೇಳಿದ ಮರುಕ್ಷಣವೇ ಗುರುಪಾದಸ್ವಾಮಿ, ನಾವೂ ಯಾವತ್ತೋ ಬಿಟ್ಟೆವು ಎಂದುಬಿಟ್ಟಿದ್ದರು. ಅವರು ಹಾಗೆ ಹೇಳುವಾಗ ಹಿತ್ತಿಲ ಹುಳಮನೆಯಲ್ಲಿ ನೂರು ಮೊಟ್ಟೆಯ ಹುಳ, ಒಂದು ಚಿಟ್ಟೆ ಇಟ್ಟ ಅಷ್ಟನ್ನೂ ಒಂದೇ ಮೊಟ್ಟೆ ಎಂದು ಎಣಿಸುವುದರಿಂದ ಸುಮಾರು ಐವತ್ತು ಸಾವಿರ ಬಾಯಿಗಳು, ಒಟ್ಟಿಗೆ ಸೊಪ್ಪು ಮೇಯುತ್ತಿದ್ದವು.

"ಅವತ್ತೊಂದಿನ ಈ ಮನೇಲಿ ಉಳ ಅನ್ನೋ ಮಾತೂ ಬರಕೂಡ್ದು. ನಮ್ಮ ಮನೆತನದ ಮರ್ವಾದೆ ಕಣಮ್ಮಿ ಇದು" ಎಂದು ಅವರು ಹೆಂಡತಿಗೆ ಅಪ್ಪಣೆ ಮಾಡಿದ್ದರು.

ಶಿವನಂಜಮ್ಮನಿಗೆ ಮರ್ಯಾದೆಯ ಬಗ್ಗೆ ತಕರಾರಿರಲಿಲ್ಲ, ಸೋಮವಾರದ ಬಗ್ಗೆ ಇತ್ತು. ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದೆದ್ದು ಒಂದು ವಾರ ಮೇದರೆ ಹುಳ ಹಣ್ಣಾಯಿತು. ಮೈ ಗಾಜಿನಂತೆ ತಿಳಿಯಾಗಿ, ತಲೆ ಎತ್ತಿ, ಗೂಡು ಕಟ್ಟುವ ಜಾಗ ಹುಡುಕಿಕೊಂಡು ಹೊರಡುತ್ತದೆ. ಆಗ ಅದನ್ನು ಆಯ್ದು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಗೋಡೆಗೋ ಕಸಕ್ಕೋ ನೂಲು ಸುತ್ತಿ ಬೆಳೆ ಹಾಳು ಮಾಡುತ್ತದೆ. ಹಳದಿ ಗೂಡಿನ ಹುಳವಾದರೆ ನಿಧಾನವಾಗಿ ಹಣ್ಣಾಗುತ್ತ ಹೋಗುತ್ತದೆ. ಇವು ಬಿಳಿ ಗೂಡಿನವು, ಒಂದೇ ದಿನಕ್ಕೆ ಒಟ್ಟಿಗೆ ಏಳುವ ಜಾತಿ. ಆ ದಿನ ಸೋಮವಾರವೇ ಎಂಬುದು ಶಿವನಂಜಮ್ಮನ ಲೆಕ್ಕ.

ಗುರುಪಾದಸ್ವಾಮಿ ಈ ಲೆಕ್ಕವನ್ನು ಮೇಲಿನ ಕೋರ್ಟಿಗೆ ಒಯ್ದರು. ಊರಂಚಿನ ಮಾದಪ್ಪನ ಗುಡಿಯಲ್ಲಿ, ಸೋಮವಾರ ಒಳ್ಳೆಯದಾಗುತ್ತದೆಯೇ ಎಂದು ಹೂ ಕೇಳಿದರು. ಪೂಜಾರಿ ದೇವರ ಎರಡು ಕಡೆಗೂ ನೀರಿನಲ್ಲಿ ಅದ್ದಿದ ಹೂವಿಟ್ಟು ಮಂಗಳಾರತಿ ಎತ್ತಿದರು. ಬಲಗಡೆಯದು ಬಿತ್ತು.

"ಬಲಗಡೆ ಕೊಟ್ಟ" ಎಂದು ಮನೆಗೆ ಬಂದು ಘೋಷಿಸಿದರು.

"ಉಳನೂ ಅವನವೇ ಕಣ್ರೀ. ಅವುಗಳ ಕಡೆಯಿಂದ್ಲೂ ಒಂದ್ ಮಾತು ಕೇಳ್ಬೇಕಿತ್ತು" ಎಂದ ಶಿವನಂಜಮ್ಮ ಮತ್ತೆ ಆ ವಿಷಯ ಎತ್ತಲಿಲ್ಲ.

ಆ ಮೇಲೆ ಸಿದ್ಧತೆ ಶುರುವಾಯಿತು. ಪ್ರತಿ ಬೆಳೆಗೂ ಹುಳ ಆಯಲು ಬರುತ್ತಿದ್ದ ಹೆಂಗಸರ ಮನೆಗೆ ಖುದ್ದು ಹೋಗಿ, ಸೋಮವಾರ ಯಾರೂ ಇತ್ತ ತಲೆ ಹಾಕಬೇಡಿ ಎಂದು ಹೇಳಿ ಬಂದರು. ಆ ಹೆಂಗಸರು ಅವತ್ತಿಗೆ ಬೇರೆ ಕಡೆ ಅರಿಸಿನ ಕೀಳುವ ಕೂಲಿ ಒಪ್ಪಿಕೊಂಡರು. ಅಂಗಳಕ್ಕೆ ಶಾಮಿಯಾನ ಬಂತು. ಹುಳಕ್ಕೆಂದು ತರಿಸಿಟ್ಟಿದ್ದ ಚಂದ್ರಿಕೆಗಳು ಆಳೆತ್ತರದ ಬಿದಿರಿನ ತಡಿಕೆಗಳು, ಬಚ್ಚಿಡುವ ಸಾಮಾನಲ್ಲ. ಅವನ್ನೆಲ್ಲ ಕಾಂಪೌಂಡಿಗೆ ಸಾಲಾಗಿ ಒರಗಿಸಿ, ಮೇಲೆ ಜಮಖಾನ ಇಳಿಬಿಟ್ಟು, ಪ್ಲಾಸ್ಟಿಕ್ ಹೂವಿನ ಹಾರ ತೂಗುಹಾಕಿ, ಮುಂದೆ ಕುರ್ಚಿ ಹಾಕಿಸಿದರು. ಮದುವೆ ಮಂಟಪದ ಹಾಗೆ ಕಾಣುತ್ತದೆ ಎಂದು ಒಬ್ಬರು ಹೊಗಳಿದರು. ಆ ಒಬ್ಬರು ಗುರುಪಾದಸ್ವಾಮಿಯೇ. ವಾಸನೆ ಅಡಗಲು ಕಟ್ಟುಗಟ್ಟಲೆ ಅಗರಬತ್ತಿ ಹಚ್ಚುವ ಯೋಜನೆಗೆ ಮಾತ್ರ, ಹೊಗೆಗೆ ಹುಳ ಸಾಯುತ್ತವೆ ಎಂದು ಶಿವನಂಜಮ್ಮ ಅಡ್ಡ ನಿಂತರು. ಆ ವಾರ ಅವರು ಗೆದ್ದ ಯುದ್ಧ ಅದೊಂದೇ.

ಹೀಗಾಗಿ ಸೋಮವಾರ ಮೂಗಿನ ತಪಾಸಣೆ ಅಗತ್ಯವಾಗಿತ್ತು. ಅದು ಮುಗಿದು ಒಳಗೆ ಬರುವಷ್ಟರಲ್ಲಿ ಶಿವನಂಜಮ್ಮ ಹುಳಮನೆಯಿಂದ ಹೊರಗೆ ಬಂದರು. "ತಲೆ ಎತ್ಬುಟ್ಟವೆ" ಎಂದರು.

ಗುರುಪಾದಸ್ವಾಮಿ ಸ್ವತಃ ನೋಡಲು ಹೋದರು. ಹೆಗಲ ಮೇಲೆ ಹುಡುಗನ ತಂದೆಗೆ ಹೊದಿಸಲೆಂದು ತಂದಿದ್ದ ಹೊಸ ರೇಷ್ಮೆ ಶಾಲಿತ್ತು. ಹುಳ ಮೇಯುವ ಸ್ಟ್ಯಾಂಡಿನ ಒಂದೊಂದು ಅಂತಸ್ತಿನ ಮೇಲೂ ಬಗ್ಗಿದರು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಮಾದಪ್ಪನ ಬೆಟ್ಟದ ಬಸ್ಸು ಬರುವ ದಿಕ್ಕಿಗೆ ಕತ್ತು ಉದ್ದ ಮಾಡಿ ನಿಂತ ಭಕ್ತರಂತೆ ಹುಳಗಳು ತಲೆ ಎತ್ತಿ ಆಡಿಸುತ್ತಿದ್ದವು. ಸೊಪ್ಪು ಸಾಲದೆ ಹಾಗೆ ಮಾಡುತ್ತಿವೆ, ಇನ್ನೊಂದು ಹೊರೆ ಹಾಕು ಎಂದು ತೀರ್ಪು ಕೊಟ್ಟು, ಸೊಪ್ಪು ಬಿದ್ದ ಮೇಲೆ ಹುಳಮನೆಗೆ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ಬೀದಿಯಲ್ಲಿ ಕಾರಿನ ಹಾರನ್ ಕೇಳಿಸಿತು.

ಬಂದವರು ನಾಲ್ಕು ಜನ. ಹುಡುಗ ಮಾದೇಶ, ಬಿಳಿ ಪಂಚೆ ಬಿಳಿ ಅಂಗಿಯ ತಂದೆ ಪುಟ್ಟಸಿದ್ದಯ್ಯ, ತಾಯಿ ಕೆಂಪಾಜಮ್ಮ, ಜೊತೆಗೆ ಕೆಂಪನಂಜಪ್ಪ. ಕೆಂಪಾಜಮ್ಮ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು, ಹಿತ್ತಿಲ ಕಡೆ ಒಮ್ಮೆ ನೋಡಿದರು, ಕುಡಿಯಲು ನೀರು ಕೇಳಿದರು.

ಅಂಗಳದ ಕುರ್ಚಿಗಳಲ್ಲಿ ಕೂತ ಮೇಲೆ ಗುರುಪಾದಸ್ವಾಮಿ ಮನೆತನದ ವಿವರಕ್ಕೆ ಇಳಿದರು. ತಾತ ಬೆಟ್ಟಕ್ಕೆ ಬಸವನನ್ನು ಬಿಟ್ಟದ್ದು, ಅಪ್ಪ ಊರ ಗುಡಿಗೆ ಗಂಟೆ ಕೊಡಿಸಿದ್ದು, ಹುಳ ಸಾಕುವ ಗಲೀಜಿನಿಂದ ತಾವು ಕೈ ತೊಳೆದುಕೊಂಡದ್ದು ಎಲ್ಲವೂ ಕ್ರಮವಾಗಿ ಬಂದವು. ಪುಟ್ಟಸಿದ್ದಯ್ಯ ಕೊನೆಯ ಮಾತಿಗೆ ವಿಶೇಷವಾಗಿ ತಲೆದೂಗಿ, ತಾವೂ ಬಿಟ್ಟೆವೆಂದೂ ಈಗ ಮನೆ ಮನೆಯಂತೆ ಇದೆಯೆಂದೂ ಹೇಳಿದರು. ಕೆಂಪಾಜಮ್ಮನಿಗೆ ನೀರು ನೆತ್ತಿಗೇರಿತು.

ಇದೇ ಸಮಯವೆಂದು ಗುರುಪಾದಸ್ವಾಮಿ ಎದ್ದು, ಹೆಗಲ ಮೇಲಿನ ಶಾಲನ್ನು ಬಿಡಿಸಿ ಪುಟ್ಟಸಿದ್ದಯ್ಯನವರಿಗೆ ಹೊದಿಸಿದರು. ಎಲ್ಲರೂ ಕೈ ತಟ್ಟಿದರು. ಕೇಸರಿಬಾತು ಬಂತು.

ಎರಡನೇ ತುತ್ತಿಗೆ ಗುರುಪಾದಸ್ವಾಮಿ ಅದನ್ನು ಕಂಡರು. ಶಾಲಿನ ಮಡಿಕೆಯಿಂದ ಒಂದು ಹುಳ ಹೊರಬಂದು, ಪುಟ್ಟಸಿದ್ದಯ್ಯನವರ ಕಾಲರ್ ಏರಿ, ತಲೆ ಅತ್ತಿತ್ತ ಆಡಿಸುತ್ತ ಜಾಗ ಪರೀಕ್ಷಿಸುತ್ತಿತ್ತು. ಕಾಲರಿಗೂ ಕಿವಿಗೂ ನಡುವಿನ ಜಾಗ ಅದಕ್ಕೆ ಒಪ್ಪಿಗೆಯಾಯಿತು. ಮೊದಲ ಎಳೆ ಎಳೆಯಿತು. ಗೂಡು ಕಟ್ಟುವ ಮುಂಚೆ ಹುಳ ಹೊಟ್ಟೆಯ ನೀರನ್ನೆಲ್ಲ ಬಿಟ್ಟುಬಿಡುವುದು ವಾಡಿಕೆ. ಬಿಳಿ ಅಂಗಿಯ ಮೇಲೆ ಅದೂ ಆಯಿತು.

ಅತಿಥಿಯ ಕೊರಳಿಗೆ ಕೈ ಹಾಕುವಂತಿಲ್ಲ. ಸುಮ್ಮನಿರುವಂತೆಯೂ ಇಲ್ಲ. ಗುರುಪಾದಸ್ವಾಮಿ ಜಗಲಿಯ ಗೋಡೆಯ ಮಾದಪ್ಪನ ಪಟ ತೋರಿಸಿ, ಅದನ್ನೊಮ್ಮೆ ನೋಡಬೇಕು ಎಂದು ಕೋರಿದರು. ಪುಟ್ಟಸಿದ್ದಯ್ಯ ಭಕ್ತಿಯಿಂದ ಪೂರ್ತಿ ತಿರುಗಿದರು. ಅವರ ಬೆನ್ನ ಮೇಲೆ ಇನ್ನೂ ಮೂರು ಹುಳಗಳಿದ್ದವು.

ಕೆಂಪಾಜಮ್ಮ ತಟ್ಟೆ ಕೆಳಗಿಟ್ಟರು. ಎರಡು ಬೆರಳಲ್ಲಿ ಗಂಡನ ಕಾಲರಿನಿಂದ ಹುಳವನ್ನು ಬಿಡಿಸಿ, ಡಾಕ್ಟರು ಎಕ್ಸ್‌ರೇ ಹಿಡಿಯುವಂತೆ ಬೆಳಕಿಗೆ ಹಿಡಿದರು.

"ಪೂರ್ತಿ ಅಣ್ಣಾಗ್ಯದೆ" ಎಂದರು. "ಎಷ್ಟ್ ಮೊಟ್ಟೆ ತಂದಿದ್ರಣ್ಣ?"

"ಉಳನಾ? ಅದು... ಪಕ್ಕದ ಮನೆಯವ್ರದು" ಎಂದರು ಗುರುಪಾದಸ್ವಾಮಿ.

"ನೂರು ಕಣಕ್ಕ, ಬಿಳೀದು" ಎಂದು ಅಡುಗೆಮನೆಯಿಂದ ಶಿವನಂಜಮ್ಮನ ದನಿ ಬಂತು.

"ಚಂದ್ರಿಕೆ?"

"ನೀವು ಒರಗಿಕಂಡಿರೋ ಜಮಖಾನದ ಇಂದೆ ಅವೆ."

"ಆಳು?"

ಶಿವನಂಜಮ್ಮ ಬಾಗಿಲಿಗೆ ಬಂದು ಗಂಡನ ಮುಖ ನೋಡಿದರು. ಆ ಮೇಲೆ ಎಲ್ಲರೂ ನೋಡಿದರು. ಕೆಂಪಾಜಮ್ಮ ಕೈ ಚಾಚಿದರು. ಗುರುಪಾದಸ್ವಾಮಿ ಬೀಗದ ಕೈ ಕೊಟ್ಟರು ಎನ್ನುವುದಕ್ಕಿಂತ, ಅವರ ಕೈ ಅವರನ್ನು ಕೇಳದೆ ಕೊಟ್ಟಿತು ಎನ್ನುವುದು ಸರಿ.

ಹುಳಮನೆಯ ಬಾಗಿಲು ತೆರೆದಾಗ ಹುಳಗಳು ಸ್ಟ್ಯಾಂಡಿನ ಕಂಬ ಹತ್ತಿ, ಕಿಟಕಿಯ ಪರದೆ ಹತ್ತಿ, ಮೂಲೆಯ ಪೊರಕೆಯ ಮೇಲೆ ಆಗಲೇ ಎರಡು ಗೂಡಿಗೆ ಪಾಯ ಹಾಕಿದ್ದವು. ಇಡೀ ಬೆಳೆ ಸಂಜೆಯೊಳಗೆ ಚಂದ್ರಿಕೆ ಸೇರಬೇಕು, ಇಲ್ಲವಾದರೆ ಇಲ್ಲ. ಕೆಂಪಾಜಮ್ಮ ರೇಷ್ಮೆ ಸೀರೆಯ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದರು. ಮಾದೇಶ ಪ್ಯಾಂಟು ಮಡಚಿದ. ಕಾಫಿ ಲೋಟ ಹಿಡಿದು ತಲೆ ತಗ್ಗಿಸಿ ಬರುವುದನ್ನು ಬೆಳಗಿನಿಂದ ಅಭ್ಯಾಸ ಮಾಡಿದ್ದ ಶಿವರಂಜನಿ, ಸೀರೆಯ ಮೇಲೆ ಅಪ್ಪನ ಹಳೆಯ ಅಂಗಿ ತೊಟ್ಟು ಬಂದು ಕೆಂಪಾಜಮ್ಮನ ಪಕ್ಕದಲ್ಲಿ ಕೂತಳು. ರಂಗಸ್ವಾಮಿ ಹೆಂಡತಿಯ ಸಮೇತ ಎದುರು ಮನೆಯಿಂದ ಓಡಿ ಬಂದರು. ಜಮಖಾನಗಳು ಕೆಳಗೆ ಬಿದ್ದವು. ಪುಟ್ಟಸಿದ್ದಯ್ಯ ಚಂದ್ರಿಕೆ ಹೊತ್ತು ತಂದು, ಯಾರೂ ಹೇಳದಿದ್ದರೂ ನೆರಳಿಗೆ ಸರಿಯಾದ ಕೋನದಲ್ಲಿ ನಿಲ್ಲಿಸಿದರು. ಆ ಕೋನವನ್ನು ಕಂಡು ಗುರುಪಾದಸ್ವಾಮಿಗೆ ಅನುಮಾನ ಬಂತು.

"ನಮ್ಮವು ಮೂರನೇ ಜ್ವರದಲ್ಲಿ ಮಲಗ್ಯವೆ" ಎಂದರು ಕೆಂಪಾಜಮ್ಮ, ಕೈಯ ಕೆಲಸ ನಿಲ್ಲಿಸದೆ. "ಇವ್ರು ಅಂಗೇ. ಎಲ್ಲಾದ್ರೂ ಎಣ್ಣು ನೋಡೋಕೆ ಒಂಟ್ರೆ ಸಾಕು, ಉಳ ಬುಟ್ಬುಡ್ತಾರೆ."

ಗುರುಪಾದಸ್ವಾಮಿ ಪುಟ್ಟಸಿದ್ದಯ್ಯನವರನ್ನು ನೋಡಿದರು. ಪುಟ್ಟಸಿದ್ದಯ್ಯ ಚಂದ್ರಿಕೆಯನ್ನು ನೋಡಿದರು. ಆಮೇಲೆ ಇಬ್ಬರೂ ಸೇರಿ, ಕೇಸರಿಬಾತಿನ ಎರಡನೇ ತಟ್ಟೆಯಲ್ಲಿದ್ದ ಕೆಂಪನಂಜಪ್ಪನನ್ನು ನೋಡಿದರು.

"ನಾನೇನು ಸುಳ್ಳು ಏಳ್ನಿಲ್ಲ ಕಣ್ರಪ್ಪ" ಎಂದರು ಕೆಂಪನಂಜಪ್ಪ. "ಅವ್ರು ಏಳಿದ್ನ ಇಲ್ಲಿಗೆ ತಂದೆ, ನೀವು ಏಳಿದ್ನ ಅಲ್ಲಿಗೆ ಒಯ್ದೆ. ಅಷ್ಟೇಯ."

ಅವರನ್ನೂ ಕೆಲಸಕ್ಕೆ ಕೂರಿಸಲಾಯಿತು.

ಗುರುಪಾದಸ್ವಾಮಿ ವರ್ಷಗಳಿಂದ ಹುಳಮನೆಯ ಬಾಗಿಲಲ್ಲಿ ನಿಂತು ಮೇಲ್ವಿಚಾರಣೆ ಮಾಡಿದವರು. ಕೂತು ಆಯ್ದು ಬಹಳ ಕಾಲವಾಗಿತ್ತು. ಅವರು ಹಾಕಿದ ಮೊದಲ ಹಿಡಿಯನ್ನು ಕೆಂಪಾಜಮ್ಮ ಬುಟ್ಟಿಯಿಂದ ತೆಗೆದು ವಾಪಸ್ಸು ಸೊಪ್ಪಿನ ಮೇಲಿಟ್ಟು, ಇವಿನ್ನೂ ಬಲಿಯಬೇಕು, ಕಣ್ಣಿನಿಂದ ನೋಡಿ ಆಯಿರಿ ಎಂದರು. ಆಮೇಲೆ ಅವರು ಹಾಗೆಯೇ ಆಯ್ದರು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕಾಗಿ ಬಂತು. ತಿಳಿಯಾದ ಮೈಯೊಳಗೆ ನೂಲಿನ ದ್ರವ ಹೊನ್ನಿನ ಬಣ್ಣಕ್ಕೆ ಕಾಣುತ್ತಿತ್ತು. ಅಪ್ಪ ತೋರಿಸಿಕೊಟ್ಟಿದ್ದು ಇದನ್ನೇ ಎಂಬುದು ನೆನಪಿಗೆ ಬಂತು.

ಮೂರು ಗಂಟೆಯ ಹೊತ್ತಿಗೆ ಕೊನೆಯ ಚಂದ್ರಿಕೆ ಅಂಗಳಕ್ಕೆ ಬಂತು. ಮದುವೆ ಮಂಟಪದಂತಿದ್ದ ಶಾಮಿಯಾನದ ಕೆಳಗೆ ಹುಳಗಳು ಚಂದ್ರಿಕೆಗಳ ಸುತ್ತುಸುತ್ತಿನಲ್ಲೂ ಕೂತು ನೂಲು ಎಳೆಯುತ್ತಿದ್ದವು. ಜನ ಜಮಖಾನದ ಮೇಲೆ ಕೂತು ಅನ್ನ ಸಾರು ಉಂಡರು. ಗುರುಪಾದಸ್ವಾಮಿಗೆ ಮನೆಯಲ್ಲಿ ಏನೋ ಕಡಿಮೆಯಾಗಿದೆ ಎನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ವಾರಗಳಿಂದ ಹಗಲೂ ರಾತ್ರಿ ಹಿತ್ತಿಲಿಂದ ಬರುತ್ತಿದ್ದ ಸೊಪ್ಪು ಮೇಯುವ ಸದ್ದು ನಿಂತಿತ್ತು. ಇಷ್ಟು ದಿನ ಅದು ಇತ್ತೆಂಬುದು ನಿಂತ ಮೇಲೆ ಅವರಿಗೆ ಕೇಳಿಸಿತು.

ಶಿವರಂಜನಿ ಅದೇ ಅಂಗಿಯಲ್ಲಿ ಕಾಫಿ ತಂದಳು. ಹುಡುಗಿಯನ್ನು ಈಗಲಾದರೂ ಶಾಸ್ತ್ರಕ್ಕೆ ಕೂರಿಸೋಣವೇ ಎಂದು ಗುರುಪಾದಸ್ವಾಮಿ ಕೇಳಿದರು.

"ಕೂರ್ಸಿ ಏನ್ ನೋಡೋದು? ಬೆಳಗಿಂದ ಪಕ್ಕದಲ್ಲೇ ಅವ್ಳೆ" ಎಂದರು ಕೆಂಪಾಜಮ್ಮ. "ನಮ್ದೇನಿಲ್ಲ. ಅವ್ಳನ್ನ ಕೇಳಿ."

ಶಿವನಂಜಮ್ಮ ಮಗಳನ್ನು ಅಡುಗೆಮನೆಗೆ ಕರೆದು ಕೇಳಿದರು. ಬಾಗಿಲು ಮುಚ್ಚಿರಲಿಲ್ಲವಾದ್ದರಿಂದ ಉತ್ತರ ಅಂಗಳಕ್ಕೂ ಬಂತು. "ಅವ್ರಿಗೆ ಉಳ ಆಯೋಕೆ ಬತ್ತದೆ ಕಣವ್ವ. ವಸಿ ನಿಧಾನ. ಕಲ್ತ್ಕತಾರೆ ಬುಡು."

ಮಾದೇಶ ಕಾಫಿ ಲೋಟದೊಳಗೆ ನೋಡುತ್ತ ನಕ್ಕ.

ಗುರುಪಾದಸ್ವಾಮಿಗೆ ಹೋದ ಜೀವ ಬಂತು. ಮಾದಪ್ಪ ಬಲಗಡೆ ಕೊಟ್ಟದ್ದು ಸುಳ್ಳಾಯಿತೇ ಎಂದು ಹೆಂಡತಿಯ ಕಡೆ ತಿರುಗಿದರು.

"ಸೋಮಾರ ಒಳ್ಳೇದು ಅಂತ ಊ ಕೊಟ್ಟ. ಉಳಕ್ಕೂ ಒಳ್ಳೇದು ಅಂದಿದ್ದು ನಿಮ್ಗೆ ಕೇಳ್ನಿಲ್ಲ" ಎಂದರು ಶಿವನಂಜಮ್ಮ.

ಕಾರು ಹತ್ತುವ ಮುಂಚೆ ಕೆಂಪಾಜಮ್ಮ ಹಿಂದಿರುಗಿ ಬಂದರು. ಬೆಳಿಗ್ಗೆಯಿಂದ ಅಣ್ಣ ಎನ್ನುತ್ತಿದ್ದವರು ಈಗ ಬೀಗರೇ ಎಂದರು.

"ಬೀಗ್ರೇ, ನಾವ್ ನಾಲ್ಕಾಳು ಬಂದಿದ್ದೋ. ಮುಯ್ಯಿ ಉಳಿಸ್ಕಂಡ್ರೆ ಚೆಂದಾಗಿರಕಿಲ್ಲ. ಇವತ್ತಿಂದ ಎರಡ್ನೇ ಸೋಮಾರ ನಮ್ಮವು ಅಣ್ಣಾಯ್ತವೆ. ಗಂಡಿನ ಮನೆ ನೋಡೋಕೆ ಅವತ್ತೇ ಬನ್ನಿ, ನಾಲ್ಕ್ ಜನ."

ಆಳಿಗೆ ಆಳು ಹೋಗಿ ತೀರಿಸುವ ಮುಯ್ಯಿಯನ್ನು ಈ ಕಡೆ ಯಾರೂ ಉಳಿಸಿಕೊಳ್ಳುವುದಿಲ್ಲ. ಆದರೂ ಗುರುಪಾದಸ್ವಾಮಿ, ದಿನ ಹೇಗಿದೆಯೋ, ಒಮ್ಮೆ ಹೂ ಕೇಳಿ ತಿಳಿಸುತ್ತೇನೆ ಎಂದರು. ಮಾದಪ್ಪನಿಗೆ ಬೇರೆ ಕೆಲಸವೂ ಇರುತ್ತದೆ, ಬರುತ್ತೇವೆ ಎಂದು ಶಿವನಂಜಮ್ಮ ಹೇಳಿ ಕಳಿಸಿದರು.

ಎರಡನೇ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಗುರುಪಾದಸ್ವಾಮಿ, ಶಿವನಂಜಮ್ಮ, ರಂಗಸ್ವಾಮಿ ಮತ್ತು ಅವರ ಹೆಂಡತಿ ಕೊಳ್ಳೇಗಾಲದಲ್ಲಿ ಹತ್ತಿದರು. ಬಸ್ಸಿನ ತುಂಬ ಬೆಟ್ಟಕ್ಕೆ ಹೋಗುವವರು. ಗುರುಪಾದಸ್ವಾಮಿಯವರ ಹಣೆಯ ವಿಭೂತಿ ನೋಡಿದ ಕಂಡಕ್ಟರ್, ಬೆಟ್ಟಕ್ಕೆ ನಾಲ್ಕಾ ಸಾ ಎಂದ.

"ಅಲ್ಲ, ಹನೂರು" ಎಂದರು ಗುರುಪಾದಸ್ವಾಮಿ. "ಕೂಲಿ ಕೆಲ್ಸ ಅದೆ."

ಅವರು ತೊಟ್ಟಿದ್ದದ್ದು ಮಗಳು ಅವತ್ತು ತೊಟ್ಟ ಹಳೆಯ ಅಂಗಿ. ಹನೂರಿನ ಸ್ಟ್ಯಾಂಡಿನಲ್ಲಿ ಪುಟ್ಟಸಿದ್ದಯ್ಯ ಖಾಲಿ ಬುಟ್ಟಿಗಳನ್ನಿಟ್ಟುಕೊಂಡು ಕಾಯುತ್ತಿದ್ದರು.