ನನ್ನ ಬಾಯಿ ನುಂಗಿದ ಬುಟ್ಟಾ

ಯಶಸ್ವಿ ಉದ್ಯಮಿಗೆ ಇರಬೇಕಾದ ಹತ್ತು ಗುಣಗಳು ನನಗೆ ಬಾಯಿಪಾಠ. ಚಳ್ಳಕೆರೆಯ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ವಾಣಿಜ್ಯಶಾಸ್ತ್ರ ಹೇಳಿಕೊಡುತ್ತಿದ್ದೇನೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ದೂರದೃಷ್ಟಿಯಿಂದ ಹಿಡಿದು ಹೊಣೆಗಾರಿಕೆಯವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತೇನೆ. ಆದರೆ ಆ ಹತ್ತರಲ್ಲಿ ಒಂದಾದರೂ ನಿಮ್ಮಲ್ಲಿದೆಯೇ ಎಂದು ಯಾರಾದರೂ ಕೇಳಿದರೆ ಗಡಿಯಾರ ನೋಡಿಕೊಂಡು ಮೆಲ್ಲಗೆ ಎದ್ದುಬಿಡುತ್ತೇನೆ. ಒಮ್ಮೆ ಅಧ್ಯಾಪಕರ ಪ್ರವಾಸಕ್ಕೆ ನನ್ನನ್ನೇ ಮುಖಂಡನನ್ನಾಗಿ ಮಾಡಿದ್ದರು. ಎಲ್ಲರನ್ನೂ ಕೇಳಿಯೇ ತೀರ್ಮಾನಿಸಬೇಕೆಂಬುದು ನನ್ನ ಪಟ್ಟಿಯ ನಾಲ್ಕನೆಯ ಗುಣ. ದಾರಿಯಲ್ಲಿ ಹೋಟೆಲ್ ಮುಂದೆ ಬಸ್ಸು ನಿಲ್ಲಿಸಿ, ಇಡ್ಲಿಯೋ ಉಪ್ಪಿಟ್ಟೋ ಎಂದು ಮೂವತ್ತೆಂಟು ಜನರ ಅಭಿಪ್ರಾಯ ಕೇಳಿ ಕೆಳಗಿಳಿಯುವಷ್ಟರಲ್ಲಿ ಎರಡೂ ಮುಗಿದಿದ್ದವು. ಎಲ್ಲರೂ ಬಾಳೆಹಣ್ಣು ತಿಂದರು. ಆಮೇಲೆ ನನಗೆ ಯಾರೂ ಯಾವ ಮುಖಂಡತ್ವವನ್ನೂ ಕೊಡಲಿಲ್ಲ.

ಇಂಥ ನಾನು ನಿಜವಾದ ಯಜಮಾನಿಕೆಯನ್ನು ಕಣ್ಣಾರೆ ಕಂಡದ್ದು ಮೊಳಕಾಲ್ಮೂರಿನಲ್ಲಿ, ಮಗಳ ನಿಶ್ಚಿತಾರ್ಥದ ಸೀರೆಯ ನೆಪದಲ್ಲಿ. ಅಲ್ಲಿ ಗೌರಮ್ಮ ಎಂಬುವರು ಒಂಬತ್ತು ಮನೆಗಳಲ್ಲಿ ರೇಷ್ಮೆ ಮಗ್ಗ ನಡೆಸುತ್ತಾರೆ. ರೇಷ್ಮೆ ಕೊಡುವುದು, ಬಣ್ಣ ಆರಿಸುವುದು, ಸೀರೆ ಮಾರುವುದು ಅವರ ಪಾಲು. ನೇಯುವುದು ಆಯಾ ಮನೆಯವರ ಪಾಲು. ಅವರಿಗೆ ಆಫೀಸಿಲ್ಲ, ಮೇಜಿಲ್ಲ. ಒಂದು ಕೈಚೀಲ, ಒಂದು ಹಳೇ ಫೋನು, ಸವೆದ ಚಪ್ಪಲಿ. ದಿನಾ ಒಂಬತ್ತು ಮನೆಗೂ ನಡೆದೇ ಹೋಗಿಬರುತ್ತಾರೆ. ನಮ್ಮ ಸೀರೆಯನ್ನು ಅವರು ತಿಪ್ಪಣ್ಣ ಎಂಬ ನೇಕಾರನಿಗೆ ಒಪ್ಪಿಸಿದ್ದರು. ಭಾನುವಾರ ನಿಶ್ಚಿತಾರ್ಥ. ಬುಧವಾರ ಬೆಳಿಗ್ಗೆ ನನ್ನ ಹೆಂಡತಿ ವಸಂತಾ, "ಸೀರೆ ಎಲ್ಲಿಗೆ ಬಂದೈತೆ ನೋಡ್ಕೊಂಡ್ ಬರ್ರಿ. ನೋಡ್ಕೊಂಡ್ ಬರೋದಷ್ಟೇ, ಗೊತ್ತಾತಾ?" ಎಂದು ಬಸ್ಸು ಹತ್ತಿಸಿದಳು. ಆ "ಅಷ್ಟೇ"ಯ ತೂಕ ಆಗ ನನಗೆ ತಿಳಿಯಲಿಲ್ಲ.

ನಾನು ತಿಪ್ಪಣ್ಣನ ಮನೆಗೆ ಹೋದಾಗ ಗೌರಮ್ಮ ಇನ್ನೂ ಬೇರೆ ಮನೆಯಲ್ಲಿದ್ದರು. ತಿಪ್ಪಣ್ಣ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತು ನೇಯುತ್ತಿದ್ದ. ಹಸಿರು ಮೈ, ಕೆಂಪು ಅಂಚು, ಮೈತುಂಬ ಸಾಲುಸಾಲಾಗಿ ಜರಿಯ ಪುಟ್ಟ ಹೂವಿನ ಬುಟ್ಟಾ. ಇಷ್ಟು ಸಲ ಲಾಳಿ ಓಡಿದ ಮೇಲೆ ಒಂದು ಸಾಲು ಬುಟ್ಟಾ ಎಂಬ ಲೆಕ್ಕವನ್ನು ಅವನು ತುಟಿಯಲ್ಲೇ ಗುನುಗಿಕೊಳ್ಳುತ್ತಿದ್ದ. ಅವನ ಹೆಂಡತಿ ಚಾಪೆ ಹಾಸಿ, ಟೀ ಕೊಟ್ಟು ಒಳಗೆ ಹೋದಳು. ಟೀ ಹೊಟ್ಟೆಗೆ ಬಿದ್ದದ್ದೇ ತಡ, ನನ್ನೊಳಗಿನ ಮೇಷ್ಟ್ರು ಎದ್ದು ಕೂತ. "ಅಲ್ಲಪ್ಪಾ ತಿಪ್ಪಣ್ಣ, ನಿಮ್ಮ ಗೌರಮ್ಮ ನಿಮಗೆ ಪ್ರೋತ್ಸಾಹ ಹೆಂಗೆ ಕೊಡ್ತಾರೆ?" ಎಂದು ಶುರುಮಾಡಿದೆ. ಅವನು "ಹೂಂ ಸಾರ್" ಎಂದ. ಅದು ಉತ್ತರವಲ್ಲ ಎಂದು ನಾನೇ ಪ್ರೋತ್ಸಾಹದ ವಿಧಗಳನ್ನು ವಿವರಿಸಿದೆ. ಅಲ್ಲಿಂದ ದೂರದೃಷ್ಟಿಗೆ ಹೋದೆ. ಮಾತಿನ ಕೌಶಲಕ್ಕೆ ಬಂದಾಗಂತೂ ಕೈ ಬೀಸಿ ಬೀಸಿ ಹೇಳಿದೆ. ಮನೆಗೆ ಬಂದ ಮೇಷ್ಟ್ರಿಗೆ, ಅದೂ ಸೀರೆ ನೇಯಲು ಹೇಳಿದವರಿಗೆ, ಬಾಯಿ ಮುಚ್ಚಿರಿ ಎನ್ನುವುದು ಅವನಿಂದ ಆಗುವ ಮಾತೇ? ಪಾಪ, ಒಂದೊಂದು ಮಾತಿಗೂ ತಲೆ ಎತ್ತಿ "ಹೂಂ ಸಾರ್" ಅನ್ನುತ್ತಲೇ ಇದ್ದ.

ಅಷ್ಟರಲ್ಲಿ ಗೌರಮ್ಮ ಬಂದರು. "ಬಂದ್ರಾ ಸಾರ್? ಮನೇಲಿ ಎಲ್ಲ ಆರಾಮಾ?" ಎಂದು ನನ್ನನ್ನೇ ನೋಡುತ್ತ ಕೇಳಿದರು. ಕಣ್ಣು ನನ್ನ ಕಡೆ, ಅಂಗೈ ಮಾತ್ರ ನೇಯ್ದ ಬಟ್ಟೆಯ ಮೇಲೆ ಮೆಲ್ಲಗೆ ಹರಿಯುತ್ತಿತ್ತು. ಒಂದು ಕಡೆ ಕೈ ನಿಂತಿತು. "ಏಮಯ್ಯಿಂದಿ ತಿಪ್ಪಣ್ಣಾ?" ಎಂದರು. ಏನಾಯಿತು ಎಂದು ಅವರ ತೆಲುಗಿನಲ್ಲಿ ಕೇಳಿದ್ದು. ತಿಪ್ಪಣ್ಣ ಬಗ್ಗಿ ನೋಡಿ ಬಿಳುಚಿಕೊಂಡ. ಒಂದು ಸಾಲು ಬುಟ್ಟಾ ಬಿಟ್ಟೇಹೋಗಿತ್ತು! ಅದರ ಮೇಲೆ ಇನ್ನೂ ಒಂದು ಗೇಣು ನೇಯ್ದಾಗಿತ್ತು. ನಮ್ಮಿಬ್ಬರ ಕಣ್ಣಿಗೂ ಬೀಳದ್ದನ್ನು ಆಯಮ್ಮನ ಅಂಗೈ ಕಂಡಿತ್ತು. ನಾನು ದಂಗಾಗಿಹೋದೆ.

"ನಂದೇ ತಪ್ಪಕ್ಕಾ. ಲೆಕ್ಕ ಜಾರ್ತು," ಎಂದ ತಿಪ್ಪಣ್ಣ. ನನ್ನ ಕಡೆ ತಿರುಗಿಯೂ ನೋಡಲಿಲ್ಲ ಪುಣ್ಯಾತ್ಮ. ನೋಡಿದ್ದರೆ ಎಷ್ಟೋ ಸುಖವಿತ್ತು. ಹೊಣೆಗಾರಿಕೆ ಎಂಬ ಪದವನ್ನು ಕರಿಹಲಗೆಯ ಮೇಲೆ ಅದೆಷ್ಟು ಸಲ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೋ! ಅಷ್ಟು ಹೊತ್ತು ಅರಳು ಹುರಿದಂತೆ ಮಾತಾಡಿದವನು ಈಗ ಖಾಲಿ ಟೀ ಲೋಟದ ತಳ ನೋಡುತ್ತ ಕೂತೆ.

"ನಿಂದಲ್ಲ ಬಿಡಣ್ಣ," ಎಂದರು ಗೌರಮ್ಮ. "ನಿಶ್ಚಿತಾರ್ಥದ ಸೀರೆ ಅಂತ ಗೊತ್ತಿದ್ದೂ ಇಷ್ಟೊತ್ತಾದ್ರೂ ಈ ಕಡೆ ಬರದೇ ಇದ್ದೋಳು ನಾನು. ತಪ್ಪು ನಂದು." ಹೀಗೆ ನನ್ನ ತಪ್ಪಿಗೆ ನನ್ನ ಕಣ್ಣೆದುರೇ ಇಬ್ಬರು ಪೈಪೋಟಿಗೆ ಬಿದ್ದಿದ್ದರು. ನಾಚಿಕೆಯಾಗಿ, "ಹೋಗ್ಲಿ ಬಿಡ್ರಿ ಗೌರಮ್ಮ, ಒಂದು ಸಾಲು ತಾನೇ? ಬೀಗರು ಎಣಿಸ್ತಾರಾ? ಯಾರು ನೋಡ್ತಾರೆ?" ಎಂದೆ.

"ಯಾರೂ ನೋಡಲ್ಲ ಸಾರ್. ತಿಪ್ಪಣ್ಣ ನೋಡ್ತಾನೆ," ಎಂದರು ಅವರು. "ಇಷ್ಟು ಚೆಂದ ನೇಯ್ದಾನೆ. ಆದ್ರೆ ನಾಳೆ ಈ ಸೀರೆ ನೆಪ್ಪಾದಾಗೆಲ್ಲ ಅವನ ಕಣ್ಣಿಗೆ ಆ ಖಾಲಿ ಜಾಗ ಒಂದೇ ಬೀಳ್ತೈತೆ." ಹಾಗೆಂದು ಕೈಚೀಲ ಮೊಳೆಗೆ ತೂಗುಹಾಕಿ, ಸೆರಗು ಸಿಕ್ಕಿಸಿಕೊಂಡು, ಮಗ್ಗದ ಪಕ್ಕ ಕೂತೇಬಿಟ್ಟರು. ಆ ಒಂದು ಗೇಣನ್ನು ಎಳೆ ಎಳೆಯಾಗಿ ಬಿಚ್ಚಬೇಕು; ರೇಷ್ಮೆ ತುಂಡಾಗಬಾರದು, ಜರಿ ಮುದುಡಬಾರದು. ಒಂಬತ್ತು ಮನೆಯ ಯಜಮಾನ್ತಿ ನೇಕಾರನ ಜೊತೆ ಎಳೆ ಬಿಚ್ಚುತ್ತ ಕೂತದ್ದನ್ನು ನೋಡಿ ಮನಸ್ಸಿನಲ್ಲೇ ನನ್ನ ಪಟ್ಟಿ ತಿರುವಿಹಾಕಿದೆ. ಅಬ್ಬಾ, ನನ್ನ ಹತ್ತು ಗುಣಗಳೂ ಆಯಮ್ಮನ ಬೆರಳ ತುದಿಯಲ್ಲಿದ್ದವು. ಅವರಿಗೆ ಅವುಗಳ ಹೆಸರೂ ಗೊತ್ತಿರಲಿಲ್ಲ.

ಕೊನೆಗೆ ತಡೆಯಲಾರದೆ ಹೇಳಿಬಿಟ್ಟೆ. "ಗೌರಮ್ಮಾ, ತಪ್ಪು ನಿಮ್ಮಿಬ್ಬರದೂ ಅಲ್ಲ. ನಾನೇ ಮಾತಾಡಿ ಮಾತಾಡಿ ಲೆಕ್ಕ ತಪ್ಪಿಸಿದೆ."

ಅವರು ಎಳೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತೈತೆ ಸಾರ್. ಬರುವಾಗ ಬೀದಿ ತುದಿಗೇ ಮಗ್ಗದ ಸದ್ದಿಗಿಂತ ಜೋರಾಗಿ ನಿಮ್ಮ ದನಿ ಕೇಳ್ತಿತ್ತು. ನೀವಾಗೇ ಹೇಳ್ಲಿ ಅಂತ ಸುಮ್ಕಿದ್ದೆ." ತಿಪ್ಪಣ್ಣ ಆಗ ನನ್ನ ಮುಖ ನೋಡಿ ನಕ್ಕ. ಗೌರಮ್ಮ ಮುಂದುವರಿಸಿದರು: "ಶನಿವಾರ ಸಂಜೆಗೆ ಸೀರೆ ನಿಮ್ಮ ಮನೇಲಿರ್ತೈತೆ. ಈಗ ಒಂದು ಉಪಕಾರ ಮಾಡ್ರಿ. ನಿಮ್ಮ ಬಸ್ಸು ಬರೋತನಕ ಹೊರಗೆ ಜಗಲಿ ಮ್ಯಾಲೆ ಕೂಡ್ರಿ."

ಕೂತೆ. ಮೂರು ತಾಸು, ತುಟಿಪಿಟಕ್ಕೆನ್ನದೆ. ದಾರಿಯಲ್ಲಿ ಹೋದವರು "ಯಾವೂರಾತು?" ಎಂದು ಕೇಳಿದರೆ ಬರೀ ಕೈ ತೋರಿಸಿದೆ. ಬಸ್ಸಿನ ಹೊತ್ತಿಗೆ ಒಳಗಿನಿಂದ ಮತ್ತೆ ಮಗ್ಗದ ಸದ್ದು ಕೇಳಿದಾಗ ಎದೆ ಹಗುರಾಯಿತು.

ಶನಿವಾರ ಸಂಜೆ ಸೀರೆ ಬಂತು. ಭಾನುವಾರ ಬೀಗಿತ್ತಿಯಂತೂ ಸೆರಗು ಹಿಡಿದವರು ಬಿಡಲೇ ಇಲ್ಲ. ಎಲ್ಲರೂ ಹೋದ ಮೇಲೆ ವಸಂತಾಗೆ ನಡೆದದ್ದನ್ನೆಲ್ಲ ಹೇಳಿದೆ. ಬಾಯಿಗೆ ಕೈಯಿಟ್ಟುಕೊಂಡು ಕೇಳಿದಳು. ಆಮೇಲೆ, "ಏನ್ರೀ, ಆ ಗೌರಮ್ಮನೋರ ನಂಬರ್ ಕೊಡ್ರಿ," ಎಂದಳು.

"ಇನ್ನೊಂದು ಸೀರೆಗಾ?"

"ಸೀರೆ ಯಾರಿಗ್ ಬೇಕು! ನಿಮ್ಮನ್ನ ಮೂರು ತಾಸು ಮಾತಿಲ್ದಂಗೆ ಕೂಡ್ಸಿದ್ದು ಹೆಂಗೆ ಅಂತ ಕೇಳ್ಬೇಕು. ಮದ್ವೆ ಆದಾಗ್ಲಿಂದ ನನ್ನ ಕೈಲಿ ಆಗಿಲ್ಲ."

ಕೊಟ್ಟೆ. ಈಗ ಇಬ್ಬರೂ ಫೋನಿನಲ್ಲಿ ಗೆಳತಿಯರು. ಆ ಫೋನು ಬಂತೆಂದರೆ ಸಾಕು, ಯಾರೂ ಹೇಳುವ ಮೊದಲೇ ಎದ್ದು ಹೊರಗಿನ ಜಗಲಿಗೆ ಹೋಗಿ ಕೂರುತ್ತೇನೆ. ಪಟ್ಟಿಯ ಎರಡನೆಯ ಗುಣ ಸ್ವಯಂಪ್ರೇರಣೆ. ಹತ್ತರಲ್ಲಿ ಅದೊಂದು ಕೊನೆಗೂ ನನಗೆ ಬಂದಿದೆ.