ಗುರುವಾರದ ಮೂಕಸಭೆ

ಕೆಟ್ಟುಹೋದ ಯಾವುದೇ ವಸ್ತುವನ್ನು ಕೆಲವು ದಿನ ನೋಡಿಯೂ ನೋಡದ ಹಾಗೆ ಇದ್ದುಬಿಟ್ಟರೆ ಅದು ತಾನಾಗಿಯೇ ಸರಿಹೋಗುತ್ತದೆ ಎಂಬುದು ನನ್ನ ಬಲವಾದ ನಂಬಿಕೆ. ಇದನ್ನು ಸೋಮಾರಿತನ ಎಂದು ಮನೆಯಲ್ಲಿ ಕರೆಯುತ್ತಾರೆ. ನಾನು ಮಾತ್ರ ಸರ್ಕಾರಿ ಸೇವೆಯಲ್ಲಿ ಸಂಪಾದಿಸಿದ ಜ್ಞಾನ ಎಂದುಕೊಂಡಿದ್ದೇನೆ. ನನ್ನ ಮೇಜಿಗೆ ಬಂದ ಎಷ್ಟೋ ತಕರಾರು ಅರ್ಜಿಗಳು ಹೀಗೆಯೇ ಪರಿಹಾರ ಕಂಡಿವೆ. ಜಗಳವಾಡಿದ ಅಣ್ಣತಮ್ಮಂದಿರು ಒಂದಾಗುತ್ತಾರೆ, ಇಲ್ಲವೇ ಅರ್ಜಿ ಕೊಟ್ಟವರಿಗೇ ಬೇಸರ ಹುಟ್ಟುತ್ತದೆ. ಮನೆಯ ಮಿಕ್ಸಿ ಕೆಟ್ಟಾಗಲೂ ಇದೇ ಕ್ರಮ ಅನುಸರಿಸಿದೆ. ಹೆಂಡತಿ ಹೋಗಿ ಹೊಸದು ತಂದಳು, ಅದೂ ಒಂದು ರೀತಿಯ ಪರಿಹಾರವೇ ತಾನೆ? ಹಾಗಾಗಿ ಒಂದು ಗುರುವಾರ ಬೆಳಿಗ್ಗೆ ಕಚೇರಿಯ ಕಂಪ್ಯೂಟರಿನಿಂದ ಸದ್ದೇ ಹೊರಡದಿದ್ದಾಗ ನಾನು ಗಾಬರಿಯಾಗಲಿಲ್ಲ.

ನಮ್ಮದು ಹೊಸದುರ್ಗದ ಒಂದು ಸಣ್ಣ ಸರ್ಕಾರಿ ಕಚೇರಿ. ಯಾವ ಇಲಾಖೆ ಎಂದು ಬರೆಯುವುದಿಲ್ಲ. ಓದಿದವರು ಕೆಲಸ ಇಟ್ಟುಕೊಂಡು ಬಂದುಬಿಟ್ಟರೆ ಕಷ್ಟ. ನಾನು ಅದರ ಮುಖ್ಯಸ್ಥ. ಮನೆ ಮಾತ್ರ ಚಿತ್ರದುರ್ಗದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೊಳಲ್ಕೆರೆ ಮೇಲೆ ಬರುವುದು, ಸಂಜೆ ಅದೇ ದಾರಿಯಲ್ಲಿ ವಾಪಸು ಹೋಗುವುದು. ಈ ಓಡಾಟದಲ್ಲಿಯೇ ನನ್ನ ತಲೆಗೂದಲು ಬೆಳ್ಳಗಾಯಿತು. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವ ಹೆಂಗಸು ನನ್ನನ್ನು ಯಾವುದೋ ಬಸ್ಸಿನ ಕಂಡಕ್ಟರನೆಂದೇ ತಿಳಿದಿದ್ದಾಳೆ. ಆಗಾಗ ಚಿಲ್ಲರೆ ಕೇಳುತ್ತಾಳೆ, ನಾನೂ ಕೊಡುತ್ತೇನೆ. ಹೀಗಿರುವಾಗ ಚಿತ್ರದುರ್ಗದ ಕಚೇರಿಯಲ್ಲಿ ನನ್ನದೇ ದರ್ಜೆಯವರೊಬ್ಬರು ನಿವೃತ್ತರಾದರು. ಸೀಟು ಖಾಲಿ. ನಮ್ಮ ಮನೆಯಿಂದ ಆ ಕಚೇರಿಗೆ ನಡೆದುಕೊಂಡೇ ಹೋಗಬಹುದು, ಮಧ್ಯಾಹ್ನ ಊಟಕ್ಕೆ ಬಂದು ಒಂದು ಸಣ್ಣ ನಿದ್ದೆಯನ್ನೂ ತೆಗೆಯಬಹುದು. ಜಿಲ್ಲೆಯ ಸಾಹೇಬರು ಮನಸ್ಸು ಮಾಡಿ ಬರೆದು ಕಳಿಸಿದರೆ ಆ ಸೀಟು ನನ್ನದೇ. ಹೆಂಡತಿ ಶಾರದಾ ಟಿಫನ್ ಡಬ್ಬಿಯ ಮುಚ್ಚಳ ಒತ್ತುತ್ತಾ, "ಈ ಸಲನಾದ್ರೂ ಬಾಯಿ ಬಿಟ್ಟು ಕೇಳ್ರಿ" ಎಂದಳು.

ಕೇಳುವುದಕ್ಕೆ ಅವಕಾಶವಿದ್ದದ್ದು ಗುರುವಾರದ ವಿಡಿಯೋ ಸಭೆಯಲ್ಲಿ. ಪ್ರತಿ ಗುರುವಾರ ಸಾಹೇಬರು ಪರದೆಯ ಮೇಲೆ ಪ್ರತ್ಯಕ್ಷರಾಗಿ ತಾಲ್ಲೂಕಿನವರನ್ನೆಲ್ಲ ವಿಚಾರಿಸಿಕೊಳ್ಳುತ್ತಾರೆ. ಹಿಂದೊಮ್ಮೆ ಯಾರೋ ಮದುವೆಮನೆಯ ಪಂಕ್ತಿಯಿಂದ ಮೊಬೈಲಿನಲ್ಲೇ ಹಾಜರಾಗಿ, ಹಿಂದಿನಿಂದ ಸಾರಿನ ಬಕೆಟ್ಟು ಹಾದುಹೋದದ್ದು ಸಾಹೇಬರ ಕಣ್ಣಿಗೆ ಬಿದ್ದು, ಅಂದಿನಿಂದ ಎಲ್ಲರೂ ಕಚೇರಿಯ ಕಂಪ್ಯೂಟರಿನ ಮುಂದೆಯೇ ಕುಳಿತಿರಬೇಕೆಂದು ಆದೇಶವಾಗಿದೆ. ನಮ್ಮ ಕಂಪ್ಯೂಟರಿನ ಸ್ಪೀಕರುಗಳು ಸಾಮಾನ್ಯದವಲ್ಲ. ನನಗಿಂತ ಮೊದಲಿದ್ದವರು ರಾಜ್ಯೋತ್ಸವದ ಹಾಡು ಬೀದಿಗೆಲ್ಲ ಕೇಳಲಿ ಎಂದು ತರಿಸಿದ್ದು. ಅವುಗಳ ಮೂಲಕವೇ ಸಾಹೇಬರು ಹಿಂದಿನ ವಾರ, ಪ್ರಗತಿ ವರದಿ ಕಳಿಸಿಲ್ಲವೆಂದು ನನ್ನನ್ನು ಚೆನ್ನಾಗಿ ಬೈದಿದ್ದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಸಭೆ ಮುಗಿದ ಮೇಲೆ ನಮ್ಮ ಹೆಡ್ ಕ್ಲರ್ಕ್ ತಿಪ್ಪೇಸ್ವಾಮಿ ಏನೂ ಆಗಿಲ್ಲವೆಂಬಂತೆ ಕಾಫಿ ತರಿಸಿಕೊಟ್ಟರು. ಅದರ ಮುಂದಿನ ಗುರುವಾರವೇ ಸದ್ದು ಅಡಗಿದ್ದು.

"ಸರ್, ಕೇಳಿಸುತ್ತಿಲ್ಲ" ಎಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೊಳಲ್ಕೆರೆಯ ನಮ್ಮ ಮಿತ್ರರೊಬ್ಬರು ಹಾಗೆ ಹೇಳಿದ್ದರು. ಕೆಲಸ ಮಾಡದವರಿಗೆ ಮಾತ್ರ ನನ್ನ ಮಾತು ಕೇಳಿಸುವುದಿಲ್ಲ ಎಂದು ಸಾಹೇಬರು ಹತ್ತು ಜನರ ಮುಂದೆ ಅವರ ನೀರಿಳಿಸಿದ್ದರು. ವರ್ಗ ಬೇಕಾದವನು ಅಂಥ ಸಾಹಸಕ್ಕೆ ಇಳಿಯುತ್ತಾನೆಯೇ? ಆದ್ದರಿಂದ ನಾನು ಹಿರಿಯೂರು ಕಚೇರಿಯ ಮುಖ್ಯಸ್ಥರನ್ನು ನೋಡಿಕೊಂಡು ಸಭೆ ನಡೆಸಿದೆ. ಪರದೆಯ ಮೇಲೆ ನನ್ನ ಪಕ್ಕದ ಚೌಕ ಅವರದು. ಅವರು ತಲೆಯಾಡಿಸಿದರೆ ನಾನೂ ಆಡಿಸುವುದು, ಅವರು ಬರೆದುಕೊಂಡರೆ ನಾನೂ ಪೆನ್ನು ಎತ್ತುವುದು, ಅವರು ನಕ್ಕರೆ ಒಂದು ಗಳಿಗೆ ತಡೆದು ನಾನೂ ನಗುವುದು. ಸಭೆ ಸುಗಮವಾಗಿ ಮುಗಿಯಿತು. ನಿಜ ಹೇಳಬೇಕೆಂದರೆ ಅಷ್ಟು ನೆಮ್ಮದಿಯ ಗುರುವಾರವನ್ನು ನಾನು ಸೇವೆಗೆ ಸೇರಿದ ಮೇಲೆ ಕಂಡೇ ಇರಲಿಲ್ಲ. ಸಾಹೇಬರ ಮುಖ ಸದ್ದಿಲ್ಲದಾಗ ಎಷ್ಟು ಸೌಮ್ಯ ಎಂಬುದೂ ಅಂದೇ ತಿಳಿದದ್ದು.

ಹಾಗೆಂದು ಪ್ರಯತ್ನವನ್ನೇ ಮಾಡಲಿಲ್ಲವೆಂದಲ್ಲ. ಆರಿಸಿ ಮತ್ತೆ ಹಚ್ಚಿದೆ. ಸ್ಪೀಕರಿನ ತಲೆಯ ಮೇಲೆ ಮೊದಲು ಮೆತ್ತಗೆ, ಆಮೇಲೆ ಸ್ವಲ್ಪ ಸಲಿಗೆಯಿಂದ ತಟ್ಟಿದೆ. ಮೊಬೈಲಿನಲ್ಲಿ ಒಬ್ಬ ಮಹಾನುಭಾವರು ಹೇಳಿಕೊಟ್ಟಂತೆ ಪರದೆಯ ಮೂಲೆಯ ಸ್ಪೀಕರ್ ಚಿತ್ರದ ಮೇಲೆ ಒತ್ತಿ, ಒಳಗೆ ಹೋಗಿ, ಅಲ್ಲಿಂದ ಇನ್ನೂ ಒಳಗೆ ಹೋಗಿ, ಹೊರಗೆ ಬರುವ ದಾರಿ ಕಾಣದೆ ಕೊನೆಗೆ ಸ್ವಿಚ್ಚು ಆರಿಸಿದೆ. ಪರದೆಯ ಮೇಲೆ ಹಸಿರು ಗೆರೆಯೊಂದು ಏರಿ ಇಳಿಯುತ್ತಿತ್ತು. ಅಂದರೆ ಕಂಪ್ಯೂಟರಿನ ದಾಖಲೆಯ ಪ್ರಕಾರ ಸದ್ದು ಬರುತ್ತಿದೆ! ದಾಖಲೆಯಲ್ಲಿ ಆಗಿ ನೆಲದ ಮೇಲೆ ಆಗದ ಕೆಲಸಗಳನ್ನು ನಾನು ಕಾಣದವನಲ್ಲ, ಆದ್ದರಿಂದ ಅದರ ಮೇಲೆ ಕೋಪ ಬರಲಿಲ್ಲ. ರಿಪೇರಿಯವರನ್ನು ಕರೆಸೋಣವೆಂದರೆ ಅದಕ್ಕೆ ಮಂಜೂರಾತಿ ಬೇಕು. ಮಂಜೂರಾತಿ ಕೊಡುವವರು ಸಾಹೇಬರು. ಸದ್ದು ಬರುತ್ತಿಲ್ಲವೆಂದು ಅವರಿಗೇ ಬರೆದರೆ, ಇಷ್ಟು ದಿನ ಯಾವುದಕ್ಕೆ ತಲೆಯಾಡಿಸಿದೆ ಎಂಬ ಪ್ರಶ್ನೆ ಬರುತ್ತದೆ. ವೈರು ಸರಿಯಾಗಿದೆಯೇ ಎಂದು ಹಿಂದೆ ಬಗ್ಗಿಯೂ ನೋಡಿದೆ. ಧೂಳು, ಜೇಡರ ಬಲೆ, ವೈರು ಎಲ್ಲವೂ ಇದ್ದಲ್ಲಿಯೇ ಇದ್ದವು. ನನ್ನ ಹಳೆಯ ಸಿದ್ಧಾಂತಕ್ಕೇ ಮರಳಿದೆ.

ಮುಂದೊಂದು ಗುರುವಾರ ವಿಶೇಷ ನಡೆಯಿತು. ಸಾಹೇಬರು ನೇರವಾಗಿ ನನ್ನನ್ನೇ ನೋಡಿ, ಕನ್ನಡಕ ತೆಗೆದು, ಏನೋ ಕೇಳಿದರು. ಉಳಿದ ಚೌಕಗಳಲ್ಲಿದ್ದವರೆಲ್ಲ ಕಾಯತೊಡಗಿದರು. ಹಿರಿಯೂರಿನವರ ಕಡೆ ನೋಡಿದರೆ ಅವರು ಬೊಂಬೆಯ ಹಾಗೆ ಕುಳಿತಿದ್ದಾರೆ, ನಕಲು ಮಾಡಲು ಏನೂ ಇಲ್ಲ. ಸಾಹೇಬರ ಮುಖದಲ್ಲಿ ನಗು ಇತ್ತು. ಖಾಲಿ ಸೀಟು, ನನ್ನ ಕಡೆ ನೋಟ, ಮೇಲೆ ನಗು. ಇನ್ನೇನಿರಲು ಸಾಧ್ಯ? ನಾನು ಎದ್ದು ನಿಂತು, ಎರಡೂ ಕೈ ಜೋಡಿಸಿ, ಬಗ್ಗಿ ತಲೆಯಾಡಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿರಿಯೂರಿನವರಂತೂ ಎದ್ದು ನಿಂತು ತಟ್ಟಿದರು. ಎಂಥ ಒಳ್ಳೆಯ ಮನಸ್ಸು ಎಂದು ನನ್ನ ಕಣ್ಣು ಒದ್ದೆಯಾಯಿತು. ಸಂಜೆ ಶಾರದಾಳಿಗೆ ಕೆಲಸ ಆಯಿತೆಂದು ಹೇಳಿದೆ. ಬಾಯಿ ಬಿಟ್ಟು ಕೇಳಿದಿರಾ ಎಂದಳು. ಕೇಳುವ ಮೊದಲೇ ಕೊಟ್ಟರು ಎಂದೆ. ಮಾರನೆಯ ದಿನ ಮನೆಯಲ್ಲಿ ಹೋಳಿಗೆ. ಬೀದಿಯ ಅರ್ಧ ಜನಕ್ಕೆ ಸುದ್ದಿ ಮುಟ್ಟಿತು, ಉಳಿದರ್ಧಕ್ಕೆ ಹೋಳಿಗೆಯೂ ಮುಟ್ಟಿತು.

ಇಷ್ಟಾದ ಮೇಲೆ, ವರ್ಗದ ಆದೇಶವನ್ನು ಸಾಹೇಬರ ಬಾಯಿಂದಲೇ ಕಿವಿಯಾರೆ ಕೇಳಬೇಕೆಂಬ ಆಸೆ ಹುಟ್ಟಿತು. ಕೈಯಿಂದಲೇ ದುಡ್ಡು ಕೊಡುತ್ತೇನೆ, ಯಾರನ್ನಾದರೂ ಕರೆಸಿ ಇದನ್ನು ಮಾತಾಡಿಸಿ ಎಂದು ತಿಪ್ಪೇಸ್ವಾಮಿಯವರಿಗೆ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ ಬಂದು ಕೈ ಹಿಸುಕಿಕೊಳ್ಳುತ್ತಾ ನಿಂತರು.

"ತಪ್ಪು ತಿಳ್ಕಬ್ಯಾಡ್ರಿ ಸರ್. ಅವತ್ತು ಸಾಹೇಬ್ರು ನಿಮ್ಮನ್ನ ಅಂದಿದ್ದು ಹೊರಗ್ಲ ಬೆಂಚಿನ ತಂಕ ಕೇಳಿಸ್ತು. ಅರ್ಜಿ ಕೊಡಾಕೆ ಬಂದಿದ್ದ ಶ್ರೀರಾಂಪುರದಾರು ಅಲ್ಲೇ ಕುಂತಿದ್ರು. ನಮ್ಮ ಆಫೀಸಿನ ಮರ್ಯಾದೆ ಹೋಗ್ಬಾರ್ದು ಅಂತ ಹಿಂದ್ಲ ವೈರು ನಾನೇ ಒಂಚೂರು ಎಳ್ದಿಟ್ಟಿದೀನಿ. ನೋಡಾಕೆ ಹಾಕ್ದಂಗೇ ಐತೆ."

ಅದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನಿಮ್ಮನ್ನ ಬೈದಿದ್ದು ನಂಗೂ ಕೇಳಿಸ್ತು ಅಂದಂಗೆ ಆಗ್ತಿತ್ತಲ್ಲ ಸರ್. ನೀವೂ ಆರಾಮಾಗಿ ತಲೆ ಆಡಿಸ್ತಿದ್ರಿ. ಹೆಂಗೋ ನಡೀತೈತೆ ಅಂದ್ಕಂಡೆ."

ಇಂಥ ಗೌರವದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಅವರು ಬಗ್ಗಿ ವೈರನ್ನು ಒತ್ತಿದರು. ಸ್ಪೀಕರು ಗೊರ್ ಎಂದು ಗಂಟಲು ಸರಿಮಾಡಿಕೊಂಡಿತು.

ಆ ಗುರುವಾರ ತೊಳೆದ ಬಿಳಿ ಅಂಗಿ ಹಾಕಿಕೊಂಡು ಕುಳಿತೆ. ಬಾಗಿಲನ್ನೂ ತೆರೆದಿಡಲು ಹೇಳಿದೆ. ಬೈಗುಳ ಕೇಳಿದ ಬೆಂಚು ಹೊಗಳಿಕೆಯನ್ನೂ ಕೇಳಲಿ. ಹೊಳಲ್ಕೆರೆಯವರು ಏನೋ ತೊಂದರೆ ಹೇಳಿಕೊಳ್ಳುತ್ತಿದ್ದರು. ಸಾಹೇಬರು ತಡೆದರು. ಬಹಳ ದಿನಗಳ ಮೇಲೆ ಕೇಳಿದ ಆ ಕಂಠ ಕೋಣೆಯನ್ನೆಲ್ಲ ತುಂಬಿತು. "ನಮ್ಮ ಹೊಸದುರ್ಗದವರನ್ನ ನೋಡಿ ಕಲೀರಿ. ಚಿತ್ರದುರ್ಗದ ಸೀಟು ಹಿರಿಯೂರಿನವರಿಗೆ ಕೊಡ್ತೀನಿ, ನೀವು ಇನ್ನೂ ಸ್ವಲ್ಪ ವರ್ಷ ಹೊಸದುರ್ಗದಲ್ಲೇ ಇರ್ತೀರಾ ಅಂತ ಅವರನ್ನ ಕೇಳಿದೆ. ಎದ್ದು ನಿಂತು ಕೈ ಮುಗಿದುಬಿಟ್ರು." ಹಿರಿಯೂರಿನವರು ನನಗೆ ಮತ್ತೊಮ್ಮೆ ಕೃತಜ್ಞತೆ ಸಲ್ಲಿಸಿದರು. ಅವರ ಕಣ್ಣೂ ಒದ್ದೆಯಾಗಿತ್ತು. ನನ್ನ ಬಾಯಿ ತೆರೆದದ್ದನ್ನು ಸಾಹೇಬರು ಗಮನಿಸಿ, ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು.

"ಏನಿಲ್ಲ ಸರ್. ಚೆನ್ನಾಗಿ ಕೇಳಿಸ್ತಿದೆ" ಎಂದೆ.

ಸಂಜೆ ಬಸ್ಸಿನಲ್ಲಿ ನಿಜಕ್ಕೂ ದುಃಖವಾಯಿತು. ಕಿಟಕಿಯ ಹೊರಗೆ ನೋಡಲೂ ಮನಸ್ಸಾಗಲಿಲ್ಲ. ಅದೇ ದಾರಿ, ಇನ್ನೂ ಎಷ್ಟು ವರ್ಷವೋ. ಮನೆಗೆ ಬಂದು ವೈರಿನಿಂದ ಹಿಡಿದು ಚಪ್ಪಾಳೆಯವರೆಗೆ ಒಂದನ್ನೂ ಬಿಡದೆ ಶಾರದಾಳಿಗೆ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಒಲೆ ಆರಿಸಿ ಎದುರಿಗೆ ಬಂದು ಕುಳಿತಳು.

"ಒಂದು ಮಾತು ನಿಜ ಹೇಳ್ರಿ. ಮದ್ವೆ ಆದಾಗಿಂದ ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸ್ಕಂತ ಬಂದೀರಿ. ಅದ್ರಾಗೆ ಕೇಳಿಸ್ಕಂಡು ಆಡಿಸಿದ್ದು ಒಂದಾದ್ರೂ ಐತಾ, ಇಲ್ಲ ಎಲ್ಲಾ ಹಿಂಗೇನಾ?"

ಇದಕ್ಕೆ ಏನು ಉತ್ತರ ಹೇಳಿದರೆ ಕ್ಷೇಮ ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನನ್ನ ತಲೆ ತನ್ನ ಪಾಡಿಗೆ ತಾನು ಆಡಿಬಿಟ್ಟಿತ್ತು.