ಕಡೆಯ ಸೀನಿಲ್ಲದ ಸಿನಿಮಾ

ಮಾತನಾಡುವ ಸಿನಿಮಾ ಬಂದು ಹತ್ತು ವರ್ಷ ಕಳೆದ ಮೇಲೆ ಹಟ ಹಿಡಿದು ಮೂಕಿ ಸಿನಿಮಾ ತೆಗೆದ ಮಹಾನುಭಾವ ಈ ದೇಶದಲ್ಲಿ ಒಬ್ಬನೇ ಇರಬೇಕು. ಅವನು ನನ್ನ ಸೋದರಮಾವ. ಹೋಗಲಿ, ತೆಗೆದ ಅಂದುಕೊಳ್ಳೋಣ. ತೆಗೆದದ್ದನ್ನು ಮುಗಿಸದೆಯೇ ಏಳು ವರ್ಷ ಊರೂರು ತಿರುಗಿ ತೋರಿಸಿದವನೂ ಅವನೇ! ಮುಗಿಯದ ಸಿನಿಮಾ ತೋರಿಸಿಯೂ ಯಾರಿಂದಲೂ ಪೆಟ್ಟು ತಿನ್ನಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಆ ಸಿನಿಮಾದೊಳಗೇ ಇದ್ದವಳು. ನನಗೆ ನಂಬದೆ ಗತಿಯಿಲ್ಲ.

ಅವನನ್ನು ನಾವೆಲ್ಲ ಮಾಮಾ ಎನ್ನುತ್ತಿದ್ದೆವು. ಏಕವಚನದಲ್ಲಿ ಬರೆಯುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ಬಹುವಚನ ಹಚ್ಚಿ ಮಾತಾಡಿಸಿದರೆ, ಬೇರೆ ಯಾರೋ ಬಂದರೆಂದು ಅವನು ಹಿಂದೆ ತಿರುಗಿ ನೋಡುತ್ತಿದ್ದ.

ಅವ್ವನ ತವರಿನವರದು ಕೊಪ್ಪಳದ ಪೇಟೆಯಲ್ಲಿ ಬಟ್ಟೆ ಅಂಗಡಿ. ನಮ್ಮ ಮನೆಯೂ ಅದೇ ಓಣಿಯಲ್ಲಿ. ಅಜ್ಜ ತೀರಿಕೊಂಡ ಮೇಲೆ ಅಂಗಡಿಗೆ ಮಾಮಾ ಯಜಮಾನ, ಮಾಮಾನಿಗೆ ನಮ್ಮ ಅವ್ವ ಯಜಮಾನಿ; ಅಕ್ಕನಲ್ಲವೆ! ನಾನು ಎಂಟು ವರ್ಷದವಳಿದ್ದಾಗ, ಮದುವೆಯ ದಿನಗಳು ಬಂದವೆಂದು ಅಂಗಡಿಗೆ ಸೀರೆ ತರಲು ಅವ್ವ ಅವನನ್ನು ಬೊಂಬಾಯಿಗೆ ಕಳಿಸಿದಳು. ಇಪ್ಪತ್ತು ದಿನವಾದ ಮೇಲೆ ಮಾಮಾ ಸ್ಟೇಷನ್ನಿನಿಂದ ಟಾಂಗಾದಲ್ಲಿ ಬಂದಿಳಿದ. ಸೀರೆಯ ಗಂಟು ಒಂದೂ ಇರಲಿಲ್ಲ. ಮೂರು ಕಾಲಿನ ಕಟ್ಟಿಗೆಯ ಸ್ಟ್ಯಾಂಡು, ಅದರ ಮೇಲೆ ಕೂಡಿಸಿ ಚಿತ್ರ ತೆಗೆಯುವ ಕರಿ ಪೆಟ್ಟಿಗೆ, ಕೈಯಿಂದ ತಿರುವಿ ಸಿನಿಮಾ ತೋರಿಸುವ ಒಂದು ಯಂತ್ರ, ಮತ್ತೆ ಒಂಬತ್ತು ಡಬ್ಬಿ ಫಿಲ್ಮು ಇದ್ದವು. ಯಾವುದೋ ಮೂಕಿ ಸಿನಿಮಾ ಕಂಪನಿ ಬಾಗಿಲು ಹಾಕಿಕೊಂಡು ಸಾಮಾನನ್ನೆಲ್ಲ ಹರಾಜಿಗೆ ಇಟ್ಟಿತ್ತಂತೆ.

"ಸೀರಿ ಎಲ್ಲೋ?" ಎಂದಳು ಅವ್ವ.

"ಸೀರಿ ಹರೀತಾವ ಅಕ್ಕಾ. ಇದು ಹರಿಯಂಗಿಲ್ಲ."

ಅದೇ ಸಂಜೆ ಕಂಬಳಿ ಹೊದ್ದು, ಒಳಗೆ ಕತ್ತಲು ಮಾಡಿಕೊಂಡು, ಮೊದಲನೆಯ ಡಬ್ಬಿಯ ಫಿಲ್ಮನ್ನು ಪೆಟ್ಟಿಗೆಗೆ ಏರಿಸುವಾಗ ಅದು ಮೂರು ಕಡೆ ಹರಿಯಿತು.

ಸಿನಿಮಾ ತೆಗೆಯುವುದಾದರೆ ಮಾತಿನ ಸಿನಿಮಾ ತೆಗಿ, ಈಗ ಎಲ್ಲರೂ ಅದನ್ನೇ ನೋಡುತ್ತಾರೆ ಎಂದು ಪೇಟೆಯ ಹಿರಿಯರು ಬುದ್ಧಿ ಹೇಳಿದರು. ಮಾಮಾನ ಉತ್ತರ ಸಿದ್ಧವಿತ್ತು. "ಮಾತು ಹಚ್ಚಿದ್ರ ಯಾರ ಮಾತು ಹಚ್ಚೂದ್ರಿ? ಸರ್ಕಾರದವ್ರಿಗೆ ಉರ್ದು ಬೇಕು. ಗಂಗಾವತಿ ಕಡೆ ಕೆಲವು ಮಂದಿಗೆ ತೆಲುಗು ಬೇಕು. ನಮ್ಮಕ್ಕ ತನ್ನ ಮಾತು ಬಿಟ್ಟು ಮತ್ತೊಬ್ಬರದು ಕೇಳಂಗಿಲ್ಲ. ಮೂಕಿ ಇದ್ರ ಎಲ್ಲಾರಿಗೂ ತಿಳೀತೈತಿ."

ಪಾತ್ರ ಮಾಡಲು ದೊಡ್ಡವರು ಯಾರೂ ಒಪ್ಪಲಿಲ್ಲ. ಆದ್ದರಿಂದ ದೊಡ್ಡವರ ಪಾತ್ರಗಳೆಲ್ಲ ಮಕ್ಕಳಿಗೆ ಬಂದವು. ಕಥೆ ಸರಳ. ಗೌಡ ಊಟಕ್ಕೆ ಕೂತಾಗ ತೆಗೆದಿಟ್ಟ ರುಮಾಲನ್ನು ಆಡೊಂದು ಕಚ್ಚಿಕೊಂಡು ಓಡುತ್ತದೆ. ಗೌಡ ಅದರ ಹಿಂದೆ, ಅವನ ಹೆಂಡತಿ ಗೌಡಶಾನಿ ಅವನ ಹಿಂದೆ, ಅವರೆಲ್ಲರ ಹಿಂದೆ ಅಮೀನ. ಅಮೀನ ಎಂದರೆ ಆಗಿನ ನಮ್ಮ ನಿಜಾಮನ ಸೀಮೆಯಲ್ಲಿ ಪೊಲೀಸು ಸಾಹೇಬ. ಕಡೆಯ ಸೀನಿನಲ್ಲಿ ಅಮೀನನು ಬರಿದಲೆಯ ಗೌಡನನ್ನೇ ಕಳ್ಳನೆಂದು ಹಿಡಿಯಬೇಕು. ಗೌಡಶಾನಿ ಆಡಿಗೆ ರುಮಾಲು ಸುತ್ತಿ, ಕೈಮುಗಿದು, ಅದನ್ನೇ ಗೌಡನೆಂದು ಮನೆಗೆ ಕರೆದುಕೊಂಡು ಹೋಗಬೇಕು.

ಮಿಠಾಯಿ ಅಂಗಡಿಯವರ ಮಗ ಬಸ್ಯಾ ಗೌಡನಾದ. ಓಣಿಯಲ್ಲಿ ಅವನಷ್ಟು ಹೊಟ್ಟೆ ಬೇರೆ ಯಾವ ಹುಡುಗನಿಗೂ ಇರಲಿಲ್ಲ. ಮಾಮಾನ ಅಂಗಡಿಯ ಕಟ್ಟೆಯ ಮೇಲೆ ಹೊಲಿಯುತ್ತಿದ್ದ ದರ್ಜಿಯ ಮಗ ಖಾಸೀಮ ಗೌಡಶಾನಿಯಾದ. ಸೀರೆ ಉಡಲು ನಾಚದ ಹುಡುಗ ಅವನೊಬ್ಬನೇ. ಅಮೀನನ ಮೀಸೆಯನ್ನು ಆಡಿನ ಕೂದಲಿನಿಂದ ಮಾಡಿ ಜಾಲಿಯ ಅಂಟಿನಿಂದ ಹಚ್ಚುತ್ತಿದ್ದರು. ಅದರ ನಾತಕ್ಕೆ ಒಬ್ಬೊಬ್ಬ ಹುಡುಗನೂ ಸೀನಿ ಮೀಸೆಯನ್ನು ಅಂಗಳದಾಚೆ ಹಾರಿಸಿದ. ನನಗೆ ಆಗ ವರ್ಷವಿಡೀ ನೆಗಡಿ, ಮೂಗು ಕಟ್ಟಿರುತ್ತಿತ್ತು. ಹಾಗೆ ಅಮೀನನ ಹುದ್ದೆ ನನ್ನ ಪಾಲಿಗೆ ಬಂತು. ಕಲೆ ಎನ್ನುವುದು ಯಾರಿಗೆ ಯಾವ ದಾರಿಯಿಂದ ಒಲಿಯುತ್ತದೆಂದು ಹೇಳಲಾಗುವುದಿಲ್ಲ.

ಊಟದ ಸೀನು ಮೊದಲು. ಬಸ್ಯಾ ಹೋಳಿಗೆ ಮುರಿದು ಬಾಯಿಗೆ ಇಡುವಷ್ಟರಲ್ಲಿ ಆಡು ಬರಬೇಕು. ಆಡು ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆದರೆ ಬಸ್ಯಾ ಅಷ್ಟರಲ್ಲಿ ಎರಡು ಹೋಳಿಗೆ ಮುಗಿಸಿ ಮೂರನೆಯದಕ್ಕೆ ಕೈ ಹಾಕಿರುತ್ತಿದ್ದ. ಮತ್ತೊಮ್ಮೆ ಎನ್ನುತ್ತಿದ್ದ ಮಾಮಾ. ಬಸ್ಯಾನಿಗೇನು, ಎಷ್ಟು ಸಲವಾದರೂ ತಯಾರು. ಒಳಗೆ ಅವ್ವ ಬೈಯುತ್ತ ಹೋಳಿಗೆ ಬೇಯಿಸುತ್ತಿದ್ದಳು. ಎಂಟನೆಯ ಸಲಕ್ಕೆ ಆಡು ಬಂದು ರುಮಾಲು ಕಚ್ಚಿಕೊಂಡು ಹೋಯಿತು, ಗೌಡ ಏಳಲಿಲ್ಲ. ಎಲೆಯ ಮುಂದೆ ಕೂತಲ್ಲೇ ನಿದ್ದೆ ಹೋಗಿದ್ದ. ಫಿಲ್ಮಿನ ಮೂರು ಡಬ್ಬಿ ಹೀಗೆ ಬಸ್ಯಾನ ಹೊಟ್ಟೆಗೆ ಹೋದವು.

ಮುಂದೆ ಗೌಡ ಅಳುವ ಸೀನು. ಬಸ್ಯಾ ನಿಜವಾಗಿಯೂ ಅತ್ತ. ಆ ದಿನ ಹೋಳಿಗೆ ಇರಲಿಲ್ಲ. ಅಷ್ಟು ಛಲೋ ಅಳುವನ್ನು ನಾನು ಇದುವರೆಗೆ ಎಲ್ಲೂ ನೋಡಿಲ್ಲ. ಸಿನಿಮಾದಲ್ಲಿಯೂ ನೋಡಲಿಲ್ಲ, ಏಕೆಂದರೆ ಮಾಮಾ ಪೆಟ್ಟಿಗೆಯ ಕಣ್ಣಿನ ಮುಚ್ಚಳ ತೆಗೆಯುವುದನ್ನು ಮರೆತಿದ್ದ. ಬೊಂಬಾಯಿಯಲ್ಲಿ ತೊಳೆಸಿ ತರಿಸಿದಾಗ ಆ ಡಬ್ಬಿಯಲ್ಲಿ ಇದ್ದದ್ದು ಬರೀ ಕತ್ತಲೆ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಬಿಸಾಕುತ್ತಿದ್ದರು. ಮಾಮಾ ಒಂದು ಹಲಗೆಯ ಮೇಲೆ ಸುಣ್ಣದಲ್ಲಿ "ರಾತ್ರಿ ಆತು" ಎಂದು ಬರೆದು, ಅದರ ಚಿತ್ರ ತೆಗೆದು, ಅದರ ಹಿಂದೆ ಆ ಕತ್ತಲೆಯನ್ನು ಜೋಡಿಸಿದ!

ಓಟದ ಸೀನಿಗೆ ಬಂಡೆಗಳಿದ್ದರೆ ಛಂದ ಕಾಣುತ್ತದೆಂದು ಎರಡು ಚಕ್ಕಡಿ ಕಟ್ಟಿಕೊಂಡು ಆನೆಗೊಂದಿಯ ಹತ್ತಿರದ ಹನುಮನಹಳ್ಳಿಗೆ ಹೋದೆವು. ಆಡು ಬಾಯಲ್ಲಿ ರುಮಾಲು ಹಿಡಿದೇ ಓಡಲಿ ಎಂದು ಮಾಮಾ ರುಮಾಲನ್ನು ಬೆಲ್ಲದ ನೀರಿನಲ್ಲಿ ಅದ್ದಿದ್ದ. ಉಪಾಯ ಆಡಿಗೆ ಹಿಡಿಸಿತು. ಅಲ್ಲಿನ ಮಂಗಗಳಿಗೆ ಇನ್ನೂ ಹೆಚ್ಚು ಹಿಡಿಸಿತು. ಒಂದು ಗಡವ ಮಂಗ ಇಳಿದು ಬಂದು ರುಮಾಲು ಕಸಿದುಕೊಂಡು ಗುಡ್ಡ ಹತ್ತಿತು. ಮಾಮಾ ಪೆಟ್ಟಿಗೆ ಬಿಟ್ಟು, ಧೋತರ ಎತ್ತಿ ಕಟ್ಟಿ, ಬಂಡೆಯಿಂದ ಬಂಡೆಗೆ ಹಾರುತ್ತ ಅದರ ಬೆನ್ನು ಹತ್ತಿದ. ನಾವು ಕೆಳಗೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅರ್ಧ ಗಂಟೆ ಬಿಟ್ಟು, ಅರ್ಧ ರುಮಾಲಿನೊಂದಿಗೆ ಇಳಿದು ಬಂದ. ಇಡೀ ಚಿತ್ರಕ್ಕೆ ಕಳಶವಿಟ್ಟಂಥ ಓಟ ಅದು. ಆದರೆ ಓಡಿದವನೂ ಮಾಮಾ, ಪೆಟ್ಟಿಗೆಯ ಹಿಡಿ ತಿರುಗಿಸಬೇಕಾದವನೂ ಮಾಮಾ!

ಮಕ್ಕಳ ಓಟವನ್ನು ಮರುದಿನ ತೆಗೆದ. ಆಡು, ಗೌಡ, ಗೌಡಶಾನಿ, ಅಮೀನ, ಎಲ್ಲರೂ ಸಾಲಾಗಿ ಓಡಿ ಬಲಗಡೆಗೆ ಮರೆಯಾದೆವು. ಅಲ್ಲಿಗೆ ಫಿಲ್ಮು ಮುಗಿಯಿತು. ಕಡೆಯ ಸೀನು ಉಳಿಯಿತು. ಬೊಂಬಾಯಿಗೆ ಬರೆದರೆ, ಯುದ್ಧದ ದೆಸೆಯಿಂದ ಫಿಲ್ಮು ಸಿಗುವುದೇ ಕಷ್ಟ, ನಿಮ್ಮಂಥವರಿಗಂತೂ ಇಲ್ಲ ಎಂದು ಉತ್ತರ ಬಂತು.

ಮಾಮಾ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ನಮ್ಮ ಮನೆಗೆ ಬಂದು, ಅವ್ವ ಬಡಿಸಿದ ರೊಟ್ಟಿ ತಿನ್ನುತ್ತ, ಫಿಲ್ಮು ಇಲ್ಲದಿದ್ದರೆ ಏನಾಯಿತು, ಮಕ್ಕಳು ಇದ್ದಾರಲ್ಲ ಎಂದ.

ಯಲಬುರ್ಗಾದಲ್ಲಿ ಮೊದಲ ಆಟ. ದೀಪ ಹಚ್ಚುವ ಹೊತ್ತಿಗೆ ಬಯಲಿನಲ್ಲಿ ಪರದೆ ಕಟ್ಟಿದೆವು. ಪರದೆಯ ಮೇಲೆ ನಾವು ಬಲಗಡೆಗೆ ಓಡಿಹೋದೆವು, ಬೆಳಕು ನಿಂತಿತು, ಮರುಕ್ಷಣ ಪರದೆಯ ಬಲಗಡೆಯಿಂದಲೇ ನಾವು ನಾಲ್ವರೂ, ಆಡನ್ನೂ ಸೇರಿಸಿ ಹೇಳುತ್ತಿದ್ದೇನೆ, ಕಂದೀಲಿನ ಬೆಳಕಿಗೆ ಓಡಿ ಬಂದೆವು. ಮಂದಿ ಎದ್ದು ನಿಂತರು. ಒಬ್ಬಳು ಮುದುಕಿ ಹತ್ತಿರ ಬಂದು, ನನ್ನದು ಬಟ್ಟೆಯ ಮೈಯೋ ನಿಜದ ಮೈಯೋ ಎಂದು ಗಲ್ಲ ಹಿಂಡಿ ನೋಡಿದಳು. ಊರಿನ ಅಮೀನ ಸಾಹೇಬರೇ ಮುಂದಿನ ಸಾಲಿನಲ್ಲಿ ಕೂತಿದ್ದರಿಂದ ಮಾಮಾನ ಜೀವ ಹಾರಿಹೋಗಿತ್ತು. ಆಟ ಮುಗಿದ ಮೇಲೆ ಅವರು ನನ್ನನ್ನು ಕರೆದು, ಬೆಲ್ಟನ್ನು ಹೊಟ್ಟೆಯ ಮೇಲೆ ಕಟ್ಟಬಾರದು, ಹೊಟ್ಟೆಯ ಕೆಳಗೆ ಕಟ್ಟಬೇಕು ಎಂದು ತಿದ್ದಿ ಕಳಿಸಿದರು.

ನವಲಿ, ಗಂಗಾವತಿ, ಹೀಗೆ ಹಲವು ಕಡೆಯಿಂದ ಕರೆ ಬಂತು. ತೊಡಕು ಒಂದೇ: ಫಿಲ್ಮಿನೊಳಗಿನವರು ಬೆಳೆಯುವುದಿಲ್ಲ, ಹೊರಗಿನವರು ಬೆಳೆಯುತ್ತಾರೆ. ನಾಲ್ಕನೆಯ ವರ್ಷಕ್ಕೆ ಬಸ್ಯಾ ಬಿದಿರಿನ ಹಾಗೆ ಉದ್ದವಾಗಿ, ಹೊಟ್ಟೆ ಕರಗಿ, ಅವನ ಸೊಂಟಕ್ಕೆ ದಿಂಬು ಕಟ್ಟಬೇಕಾಯಿತು. ಗೌಡಶಾನಿ ಖಾಸೀಮನಿಗೆ ಮೀಸೆ ಚಿಗುರಿತು. ಈಗ ಅಮೀನನ ಮೀಸೆ ಅಂಟಿನದು, ಗೌಡಶಾನಿಯ ಮೀಸೆ ಸ್ವಂತದ್ದು! ಗಂಗಾವತಿಯಲ್ಲಿ ಒಬ್ಬರು ಇದೇನೆಂದು ಕೇಳಿದ್ದಕ್ಕೆ, "ಓಡಿ ಓಡಿ ವಯಸ್ಸಾಗೇತ್ರಿ" ಎಂದ ಮಾಮಾ.

ಹದಿಮೂರು ತುಂಬಿದ ಮೇಲೆ ಅವ್ವ ನನ್ನನ್ನು ಆಟದಿಂದ ಬಿಡಿಸಿದಳು. ಅಮೀನನ ಬೆಲ್ಟನ್ನು ಮಾಮಾ ತಾನೇ ಕಟ್ಟಿಕೊಂಡ. ಬಳಿಕ ಖಾಸೀಮ ಹೈದರಾಬಾದಿಗೆ ಅಣ್ಣನ ಜೊತೆ ಹೊಲಿಗೆಗೆ ಹೋದ, ಬಸ್ಯಾ ಹುಬ್ಬಳ್ಳಿಗೆ ಕೆಲಸಕ್ಕೆ ಹೋದ. ನನಗೆ ಕುಷ್ಟಗಿಯಲ್ಲಿ ಗಂಡು ಗೊತ್ತಾಯಿತು. ಅವ್ವ ಮಾಮಾನನ್ನು ದೇವರ ಮುಂದೆ ನಿಲ್ಲಿಸಿ, ಮೀಸೆಯ ಸುದ್ದಿಯನ್ನು ಬೀಗರ ಮುಂದೆ ಎತ್ತುವುದಿಲ್ಲವೆಂದು ಆಣೆ ಮಾಡಿಸಿದಳು.

ಅತ್ತೆಯ ಮನೆಯಲ್ಲಿ ಮೂರು ತಿಂಗಳು ನಾನು ದನಿ ಎತ್ತಲಿಲ್ಲ. ಅತ್ತೆ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಅವರ ಮನಸ್ಸಿನಲ್ಲಿ ಏನಿದೆಯೆಂದು ಗೊತ್ತಾಗುತ್ತಿರಲಿಲ್ಲ. ದಿನಾಲು ಬೆಳಗ್ಗೆ ಒಲೆಯ ಮುಂದೆ ಕೂತು ಒಂದೊಂದು ರೊಟ್ಟಿಯನ್ನೂ ಎರಡೆರಡು ಸಲ ತಿರುವಿ ನೋಡುತ್ತಿದ್ದೆ. ಅಂಥದರಲ್ಲಿ ಒಂದು ಮಧ್ಯಾಹ್ನ ಬಾಗಿಲಿಗೆ ಚಕ್ಕಡಿ ಬಂದು ನಿಂತಿತು. ಮಾಮಾ! ಯಂತ್ರ, ಪರದೆ, ಡಬ್ಬಿ ಎಲ್ಲ ಇದ್ದವು. ಬೀಗರಿಗೆ ಸಿನಿಮಾ ತೋರಿಸಿ ಬಹಳ ದಿನದ ಆಸೆ ತೀರಿಸಿಕೊಳ್ಳುತ್ತೇನೆ ಎಂದ. ನಾನು ಅಡಿಗೆಮನೆಯ ಕಂಬ ಹಿಡಿದು ನಿಂತುಬಿಟ್ಟೆ.

ಸಂಜೆ ಅಂಗಳದ ತುಂಬ ಮಂದಿ. ಗಂಡಸರು ಮುಂದೆ, ಹೆಂಗಸರು ಕಟ್ಟೆಯ ಮೇಲೆ; ಅತ್ತೆಯ ಪಕ್ಕದಲ್ಲಿ ಸೆರಗು ಎಳೆದುಕೊಂಡು ನಾನು. ಪರದೆಯ ಮೇಲೆ ಎಂಟು ವರ್ಷದ ಅಮೀನ ಮೀಸೆ ತೀಡುತ್ತಿದ್ದ. ಅತ್ತೆ ಪರದೆ ನೋಡಿದರು, ತಿರುಗಿ ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು.

ಓಟ ಬಂತು. ಎಲ್ಲರೂ ಬಲಗಡೆಗೆ ಮರೆಯಾದರು. ಬೆಳಕು ನಿಂತಿತು. ಕಂದೀಲು ಹತ್ತಿತು. ಪರದೆಯ ಪಕ್ಕದಿಂದ ಮಾಮಾ ಒಬ್ಬನೇ ಏದುಸಿರು ಬಿಡುತ್ತ ಓಡಿ ಬಂದ. ಕೈಯಲ್ಲಿ ಪಕ್ಕದ ಮನೆಯವರ ಆಡು, ತಲೆ ಬರಿದು. ತಲೆಯಲ್ಲಿ ಅಷ್ಟು ಬಿಳಿಗೂದಲು ಯಾವಾಗ ಬಂದವೋ. ಗೌಡನಾಗಿ ಅತ್ತ. ಟವೆಲ್ಲು ಹೊದ್ದು ಗೌಡಶಾನಿಯಾಗಿ ಆಡಿಗೆ ರುಮಾಲು ಸುತ್ತಿದ, ಕೈಮುಗಿದ. ಮತ್ತೆ ಗೌಡನಾಗಿ ಎರಡೂ ಕೈ ಮುಂದೆ ಚಾಚಿ ನಿಂತ. ತನ್ನನ್ನು ತಾನೇ ಹಿಡಿದುಕೊಳ್ಳಲು ಆಗುವುದಿಲ್ಲವಲ್ಲ. ಹಾಗೇ ನಿಂತಿದ್ದ. ಮಂದಿ ಕಾದರು. ಅವನು ನನ್ನ ಕಡೆ ನೋಡಲಿಲ್ಲ, ಆಣೆ ಮಾಡಿದ್ದನಲ್ಲ.

ಅತ್ತೆ ನನ್ನ ಮೊಣಕೈ ಮುಟ್ಟಿದರು. "ಏಳವ್ವಾ. ಆ ಹಿರ್‍ಯಾ ಎಷ್ಟೊತ್ತು ಕೈ ಚಾಚಿ ನಿಂದ್ರತಾನ? ಹೋಗಿ ಹಿಡಿ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದೆ. ಹೇಗೆ ಇಳಿದೆನೋ, ಹೇಗೆ ಅಂಗಳ ದಾಟಿದೆನೋ ತಿಳಿಯದು. ಅಮೀನನ ನಡಿಗೆ ಕಾಲಿನಲ್ಲಿ ಹಾಗೇ ಇತ್ತು. ಬೆರಳಿನಿಂದ ಇಲ್ಲದ ಮೀಸೆ ತೀಡಿ ಗೌಡನ ಕೈ ಹಿಡಿದೆ. ಕಟ್ಟೆಯ ಮೇಲೆ ಯಾರೋ ನಕ್ಕರು. ತಿರುಗಿ ನೋಡಿದರೆ ಅತ್ತೆ! ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಮಾಮಾ ತುಟಿ ಅಲ್ಲಾಡಿಸದೆ, ನನಗಷ್ಟೇ ಕೇಳುವ ಹಾಗೆ ಹೇಳಿದ:

"ಸಿನಿಮಾ ತೋರ್ಸಾಕ ಬಂದಿಲ್ಲವ್ವಾ. ನಿಮ್ಮತ್ತಿ ನಗ್ತಾಳೋ ಇಲ್ಲೋ ನೋಡಾಕ ಬಂದಿದ್ದೆ. ಛಲೋ ಮನಿ ಐತಿ. ಹೆದರಬ್ಯಾಡ."

ಅಮೀನನು ಗೌಡನನ್ನು ಎಳೆದುಕೊಂಡು ಹೋಗುವುದರೊಂದಿಗೆ ಸೀನು ಮುಗಿಯಬೇಕು. ನಾನು ಎಳೆಯಲಿಲ್ಲ. ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಅದೂ ಆಟದೊಳಗಿನದೇ ಎಂದುಕೊಂಡು ಮಂದಿ ಚಪ್ಪಾಳೆ ಹೊಡೆದರು.